ರಾಜಿ ಮತ್ತು ರಾಜೀನಾಮೆ

ಮೊದಲು ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದ ನನ್ನಂಥವರನ್ನು ಕೆಲವು ಪದಗಳು ಎಡವಿಸುತ್ತವೆ. ‘ರಾಜೀನಾಮೆ’ ಅಂಥದೊಂದು ಪದ. ಉರ್ದುವಿನಲ್ಲಿ ‘ರಾಜಿ’ ಎಂದರೆ ಮನಸಾರೆ ಒಪ್ಪಿದವನು. ‘ರಾಜಿನಾಮಾ’ ಎಂದರೆ ಎರಡೂ ಕಡೆಯವರು ಒಪ್ಪಿ ಬರೆದುಕೊಂಡ ಪತ್ರ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಕೆಲಸ ಬಿಟ್ಟು ಹೋಗುವವನು ಬರೆದುಕೊಡುವ ಕಾಗದವಾಗಿದೆ. ಹಿಂದೆ ರೈತ ಜಮೀನಿನ ಮೇಲಿನ ಹಕ್ಕು ಬಿಟ್ಟು ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಪತ್ರಕ್ಕೂ ಕಂದಾಯ ದಾಖಲೆಗಳಲ್ಲಿ ಇದೇ ಹೆಸರಿತ್ತು. ಒಪ್ಪಂದದ ಮಾತು ಬಿಟ್ಟುಕೊಡುವ ಮಾತಾಗಿದೆ. ಒಲ್ಲೆ ಎನ್ನಲು ದಾರಿಯೇ ಇಲ್ಲದವನ ಒಪ್ಪಿಗೆ ಎಂಥ ಒಪ್ಪಿಗೆ? ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ.

2021ರ ಏಪ್ರಿಲ್ 7ರಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಮುಷ್ಕರ ಹೂಡಿದ್ದರು. ಆರನೇ ವೇತನ ಆಯೋಗದ ಪ್ರಕಾರ ಸರ್ಕಾರಿ ನೌಕರರಿಗೆ ಸಮನಾದ ಸಂಬಳ ಕೊಡಿ ಎಂಬುದು ಅವರ ಮುಖ್ಯ ಬೇಡಿಕೆ. ಶೇ. 8ರಷ್ಟು ಹೆಚ್ಚಳ ಕೊಡುತ್ತೇವೆ, ಅದಕ್ಕಿಂತ ಹೆಚ್ಚು ಆಗದು ಎಂಬುದು ಸರ್ಕಾರದ ಮಾತು. ಅಂದು ನಾನು ಚಾಮರಾಜನಗರಕ್ಕೆ ಹೋಗಬೇಕಿತ್ತು. ನಿಲ್ದಾಣದ ಕಟ್ಟೆಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಮಡಿಲಲ್ಲಿ ಬುತ್ತಿಯ ಗಂಟು ಇಟ್ಟುಕೊಂಡು ಕೂತಿದ್ದರು. ಖಾಸಗಿ ವ್ಯಾನಿನವನು ಕೇಳಿದ ದುಡ್ಡು ಅವರ ಹತ್ತಿರ ಇರಲಿಲ್ಲ. ನಾನು ಮಾತಾಡಿಸಿದೆ.

“ಅವ್ರಿಗೂ ಹೆಂಡ್ರು ಮಕ್ಳು ಇಲ್ವಾ ಸಾಬ್ರೇ, ಸಂಬ್ಳ ಕೇಳ್ಲಿ. ಆದ್ರೆ ನನ್ ಮಗ್ಳು ಬಾಣಂತಿ, ದೊಡ್ಡಾಸ್ಪತ್ರೇಲವ್ಳೆ. ನಾನೇನ್ ಮಾಡ್ಲಿ?” ಎಂದರು.

ಅವರನ್ನು ಜೊತೆಯಲ್ಲೇ ವ್ಯಾನು ಹತ್ತಿಸಿಕೊಂಡೆ. ಆದರೆ ಅದು ಅವರ ಪ್ರಶ್ನೆಗೆ ಉತ್ತರವಾಗಲಿಲ್ಲ. ಸಾರ್ವಜನಿಕ ನೌಕರರ ಮುಷ್ಕರದ ಬಗ್ಗೆ ಪತ್ರಿಕೆಗಳಲ್ಲಿ, ವಿಧಾನಸಭೆಯಲ್ಲಿ, ನ್ಯಾಯಾಲಯಗಳಲ್ಲಿ ನಡೆದಿರುವ ವಾದವೆಲ್ಲ ಆ ತಾಯಿಯ ಎರಡು ಮಾತಿನೊಳಗೆ ಇದೆ. ನಾವು ಸಾಮಾನ್ಯವಾಗಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತೇವೆ.

ಸರ್ಕಾರದ ಪರವಾದ ವಾದವನ್ನು ಮೊದಲು ನೋಡೋಣ. ಅದು ಹಗುರವಾದದ್ದಲ್ಲ. ಕಾರ್ಖಾನೆಯಲ್ಲಿ ಮುಷ್ಕರವಾದರೆ ಮಾಲೀಕನ ಲಾಭ ನಿಲ್ಲುತ್ತದೆ. ಬಸ್ಸು ನಿಂತರೆ ಮಂತ್ರಿಯ ಕಾರು ನಿಲ್ಲುವುದಿಲ್ಲ, ನಿಲ್ಲುವುದು ಬಡವರ ಪಯಣ. ಸಂಬಳಕ್ಕೆ ಕೊಡುವುದು ಜನರ ಹಣ. ಅದನ್ನು ಹೇಗೆ ಹಂಚಬೇಕೆಂದು ಜನ ಆರಿಸಿದ ಸರ್ಕಾರ ತೀರ್ಮಾನಿಸಬೇಕೇ, ದಾರಿ ತಡೆದು ನಿಂತ ಒಂದು ಸಂಘ ತೀರ್ಮಾನಿಸಬೇಕೇ? ಇಂಥದೇ ಪ್ರಶ್ನೆ 2003ರಲ್ಲಿ ನಮ್ಮ ಗಡಿಯಾಚೆಯ ತಮಿಳುನಾಡಿನಲ್ಲಿ ಎದ್ದಿತ್ತು. ಮುಷ್ಕರ ಹೂಡಿದ ಸುಮಾರು 1.7 ಲಕ್ಷ ಸರ್ಕಾರಿ ನೌಕರರನ್ನು ಜಯಲಲಿತಾ ಸರ್ಕಾರ ಒಂದೇ ಏಟಿಗೆ ವಜಾ ಮಾಡಿತು. ಆ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಾಗಲಿ ಕಾನೂನಿನ ಹಕ್ಕಾಗಲಿ ಇಲ್ಲ, ಅದಕ್ಕೆ ನೈತಿಕ ಸಮರ್ಥನೆಯೂ ಇಲ್ಲ ಎಂದಿತು. ಬಹುಪಾಲು ನೌಕರರು ಕೆಲಸಕ್ಕೆ ಮರಳಿದ್ದು ಕ್ಷಮೆ ಕೇಳಿ, ಮುಚ್ಚಳಿಕೆ ಬರೆದುಕೊಟ್ಟ ಮೇಲೆ.

ಹಕ್ಕಿನ ಮಾತು ವಕೀಲರಿಗೆ ಬಿಡೋಣ. ನೈತಿಕತೆಯ ಮಾತು ಮಾತ್ರ ನಮ್ಮೆಲ್ಲರದು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ತೆರಕಣಾಂಬಿಯ ತರಕಾರಿ ಮಾರುಕಟ್ಟೆ ಸಿಗುತ್ತದೆ. ಅಲ್ಲಿ ಚೌಕಾಸಿಯನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಟೊಮೆಟೊ ತಂದ ರೈತ ಎಷ್ಟೇ ಚೆನ್ನಾಗಿ ಮಾತಾಡಬಲ್ಲವನಾಗಿರಲಿ, ಹಣ್ಣು ನಾಳೆಗೆ ಉಳಿಯುವುದಿಲ್ಲ ಎಂಬುದು ವ್ಯಾಪಾರಿಗೆ ತಿಳಿದಿರುತ್ತದೆ. ಮಾಲನ್ನು ವಾಪಸ್ಸು ಒಯ್ಯಬಲ್ಲವನು ಮಾತ್ರ ನಿಜವಾಗಿ ಚೌಕಾಸಿ ಮಾಡಬಲ್ಲ. ಉಳಿದವರದ್ದು ಬೇಡಿಕೆಯಲ್ಲ, ಬೇಡುವುದು. ಕಾರ್ಮಿಕ ಕಾನೂನಿನ ಪುಸ್ತಕಗಳು ‘ಸಾಮೂಹಿಕ ಚೌಕಾಸಿ’ ಎನ್ನುವುದೂ ಇದನ್ನೇ. ಒಬ್ಬೊಬ್ಬರಾಗಿ ಒಲ್ಲೆ ಎನ್ನಲಾಗದವರು ಒಟ್ಟಾಗಿ ಒಲ್ಲೆ ಎನ್ನುವುದು.

ನಮ್ಮ ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಆದರೆ ಆ ಹಕ್ಕಿನಲ್ಲಿ ಪರಿಣಾಮಕಾರಿ ಚೌಕಾಸಿಯ ಖಾತ್ರಿಯಾಗಲಿ ಮುಷ್ಕರವಾಗಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟು ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ 1961ರಲ್ಲೇ ಹೇಳಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳು ಸಂಘ ಕಟ್ಟುವ ಹಾಗೂ ಸಾಮೂಹಿಕವಾಗಿ ಮಾತುಕತೆ ನಡೆಸುವ ಹಕ್ಕಿಗೆ ಸಂಬಂಧಿಸಿದವು. ಭಾರತ ಅವೆರಡನ್ನೂ ಅನುಮೋದಿಸಿಲ್ಲ. ಅಂದರೆ ಸಂಘ ಕಟ್ಟಬಹುದು, ಆ ಸಂಘದ ಮಾತನ್ನು ಕೂತು ಕೇಳಲೇಬೇಕೆಂಬ ಸಂವಿಧಾನದ ಬಲ ಇಲ್ಲ.

ಸಾರಿಗೆ ನೌಕರರ ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ಸರ್ಕಾರಿ ಕಚೇರಿಯ ಗುಮಾಸ್ತನ ಸಂಬಳವನ್ನು ವೇತನ ಆಯೋಗ ಶಿಫಾರಸು ಮಾಡುತ್ತದೆ, ಸರ್ಕಾರ ಆದೇಶಿಸುತ್ತದೆ. ಬಸ್ಸಿನ ಚಾಲಕ, ನಿರ್ವಾಹಕರದ್ದು ಹಾಗಲ್ಲ. ಅವರು ಕೈಗಾರಿಕಾ ಕಾನೂನಿನ ಕೆಳಗೆ ಬರುವ ಕಾರ್ಮಿಕರು. ನಾಲ್ಕು ವರ್ಷಕ್ಕೊಮ್ಮೆ ಸಂಘಗಳೊಂದಿಗೆ ಮಾತಾಡಿ ವೇತನ ಪರಿಷ್ಕರಿಸುವುದು ರೂಢಿ. ಚೌಕಾಸಿಯ ಹಕ್ಕು ಇದ್ದವರೇ 2021ರಲ್ಲಿ, ನಮಗದು ಬೇಡ, ಆಯೋಗದ ಸಂಬಳ ಕೊಡಿ ಎಂದರು. ಮಾತುಕತೆಯ ಹಾದಿ ಬಿಟ್ಟುಕೊಡಬಾರದೆಂದು ಹಳೆಯ ಸಂಘಟನೆಯವರು ವಾದಿಸಿದರು. ನನ್ನ ಪರಿಚಯದ ನಿರ್ವಾಹಕರೊಬ್ಬರನ್ನು ಕೇಳಿದೆ: “ಅಣ್ಣ, ಕೈಯಲ್ಲಿರೋ ಹಕ್ಕು ನೀವೇ ಬೇಡ ಅಂತೀರಲ್ಲ?” ಅವರು ನಕ್ಕರು. “ಮಾತಾಡೋ ಹಕ್ಕು ಇದ್ದು, ಎದುರಿಗೆ ಕುರ್ಚಿ ಖಾಲಿ ಇದ್ರೆ ಏನ್ ಮಾಡೋದು ಭಾಯ್?” ಎಂದರು. ಆಗ ನನಗೆ ನೆನಪಾದದ್ದು ರಾಜೀನಾಮೆಯ ಹಳೆಯ ಅರ್ಥ. ಆ ರೈತ ಹಾಗೂ ಈ ನಿರ್ವಾಹಕ ಇಬ್ಬರೂ ಹಕ್ಕನ್ನು ಬಿಟ್ಟುಕೊಟ್ಟದ್ದು ಅದು ಭಾರವಾದಾಗಲೇ.

ಮುಷ್ಕರ ಎರಡು ವಾರ ನಡೆಯಿತು. ನಡುವೆ ಏಪ್ರಿಲ್ 13ಕ್ಕೆ ಯುಗಾದಿ ಬಂತು, ಮರುದಿನ ರಂಜಾನಿನ ಮೊದಲ ಉಪವಾಸ. ಹಬ್ಬಕ್ಕೆ ಸಂಬಳವಿಲ್ಲದ ಮನೆಗಳವರು ತಟ್ಟೆ ಲೋಟ ಬಡಿದು ಬೀದಿಗೆ ಬಂದರು. ವರ್ಗಾವಣೆ, ಅಮಾನತು, ವಜಾ ಎಲ್ಲವೂ ನಡೆದವು. ಕೊರೊನಾ ಎರಡನೇ ಅಲೆಯ ನಡುವೆ, ಹೈಕೋರ್ಟಿನ ಮಾತಿನ ಮೇಲೆ ಏಪ್ರಿಲ್ 21ರಂದು ಮುಷ್ಕರ ಮುಗಿಯಿತು. ವಜಾಗೊಂಡ ಅನೇಕರನ್ನು ಆಮೇಲೆ ಮರಳಿ ತೆಗೆದುಕೊಂಡರು.

ಇಂಥ ಹೊತ್ತಿನಲ್ಲೆಲ್ಲ ಕೇಳುವ ಒಂದು ಪದ ‘ಅಗತ್ಯ ಸೇವೆ’. ಎಸ್ಮಾ ಎಂದು ನಾವು ಕರೆಯುವ ಕಾಯ್ದೆಯ ಹೆಸರಿನಲ್ಲೇ ಅದಿದೆ. ಸೇವೆ ಅಗತ್ಯವಾದ್ದರಿಂದ ಕೈಕಟ್ಟಿ ಕೂರುವುದು ಅಪರಾಧ. ಒಪ್ಪೋಣ. ಆದರೆ ಮುಷ್ಕರ ಮುಗಿದು ಎರಡು ವಾರ ತುಂಬುವ ಮೊದಲೇ, ಮೇ 2ರ ರಾತ್ರಿಯಿಂದ 3ರವರೆಗೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಅಂದು ಅಲ್ಲಿ ಯಾರೂ ಮುಷ್ಕರ ಹೂಡಿರಲಿಲ್ಲ. ಉಸಿರಿಗಿಂತ ಅಗತ್ಯವಾದ ಸೇವೆ ಯಾವುದಿದೆ? ಎಸ್ಮಾ ಕಾಯ್ದೆ ಕೆಲಸ ನಿಲ್ಲಿಸಿದ ಕೈಯನ್ನು ಹಿಡಿಯುತ್ತದೆ. ಸೇವೆ ನಡೆಸಬೇಕಾದ ವ್ಯವಸ್ಥೆಯೇ ಕೈಬಿಟ್ಟಾಗ ಹಿಡಿಯುವ ಕೈ ಅದಕ್ಕಿಲ್ಲ. ‘ಅಗತ್ಯ’ ಎಂಬ ಮಾತು ಕೆಳಗಿನವನನ್ನು ಮಾತ್ರ ಕಟ್ಟಿಹಾಕಿದರೆ ಅದರಲ್ಲಿ ನೀತಿ ಎಲ್ಲಿ ಉಳಿಯಿತು?

ಇದು ನಮ್ಮಲ್ಲಿನ ವಿಷಯ ಮಾತ್ರವಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1959ರಲ್ಲಿ ಸಾರ್ವಜನಿಕ ನೌಕರರಿಗೆ ಸಾಮೂಹಿಕ ಚೌಕಾಸಿಗೆ ಅವಕಾಶ ಕೊಟ್ಟು ಆ ದೇಶಕ್ಕೇ ಮೊದಲಿನದಾಯಿತು. 2011ರಲ್ಲಿ ಅದೇ ರಾಜ್ಯ ಅದನ್ನು ಬಹುಮಟ್ಟಿಗೆ ಕಿತ್ತುಕೊಂಡಿತು. ಶಾಲಾ ಶಿಕ್ಷಕರು ಕಳೆದುಕೊಂಡದ್ದನ್ನು ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಉಳಿಸಿಕೊಂಡರು. ಅತ್ಯಂತ ಅಗತ್ಯವಾದ ಸೇವೆಯವರಿಗೇ ಹಕ್ಕು ಉಳಿದಿದ್ದರೆ, ಹಕ್ಕು ಕಸಿಯಲು ‘ಅಗತ್ಯ’ವೇ ಕಾರಣವೆಂದು ಹೇಳುವುದು ಹೇಗೆ?

ಹಾಗಾದರೆ ಕಟ್ಟೆಯ ಮೇಲೆ ಕೂತ ತಾಯಿಯ ಗತಿ? ನೌಕರರ ಪರ ಮಾತಾಡುವ ನಾವು ಆಕೆಯನ್ನು ದಾಟಿ ಹೋಗಬಾರದು. ಆಕೆ ಯಾವ ಮಾತುಕತೆಗೂ ಕರೆಸಿಕೊಂಡವಳಲ್ಲ, ಆದರೆ ಅದು ಮುರಿದಾಗ ದಂಡ ತೆರುವವಳು ಅವಳೇ. ಮುಂಚಿತವಾಗಿ ನೋಟಿಸು ಕೊಡುವುದು, ಆಸ್ಪತ್ರೆಯ ದಾರಿಗೆ, ಪರೀಕ್ಷೆಯ ದಿನಕ್ಕೆ ಒಂದಷ್ಟು ಬಸ್ಸು ಬಿಡುವುದು ಕಾನೂನಿನ ಭಯದಿಂದ ಆಗಬೇಕಾದ್ದಲ್ಲ. ಸಂಘಗಳೇ ತಮ್ಮ ಮೇಲೆ ಹಾಕಿಕೊಳ್ಳಬೇಕಾದ ಕಟ್ಟಳೆ.

ಅಷ್ಟೇ ಕಟ್ಟಳೆ ಆ ಬದಿಗೂ ಬೇಕು. ಯಾರ ‘ಒಲ್ಲೆ’ಯನ್ನು ನಾವು ಜನರ ಹೆಸರಿನಲ್ಲಿ ಕಿತ್ತುಕೊಳ್ಳುತ್ತೇವೋ, ಅವರಿಗೆ ಬದಲಿಯಾಗಿ ಏನಾದರೂ ಕೊಡುವ ಋಣ ನಮ್ಮ ಮೇಲಿರುತ್ತದೆ. ನಿಗದಿತ ದಿನದೊಳಗೆ ಮಾತುಕತೆ, ಅದು ಮುರಿದರೆ ಎರಡೂ ಕಡೆಯವರು ತಲೆಬಾಗಬೇಕಾದ ನಿಷ್ಪಕ್ಷಪಾತ ತೀರ್ಪು. ಇದು ದೊಡ್ಡ ಬೇಡಿಕೆಯೇನಲ್ಲ. ಅದಿಲ್ಲದೆ ಮುಷ್ಕರವನ್ನಷ್ಟೇ ನಿಷೇಧಿಸಿದರೆ ಉಳಿಯುವುದು ಹುಕುಂ.

2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಂತವು. 2020ರ ಜನವರಿಯಿಂದ 38 ತಿಂಗಳ ಹಿಂಬಾಕಿ ಕೊಡಿ, 2024ರ ಜನವರಿಯಿಂದ ಆಗಬೇಕಾದ ಪರಿಷ್ಕರಣೆ ಮಾಡಿ ಎಂಬುದು ಬೇಡಿಕೆ. 14 ತಿಂಗಳದ್ದು ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತು. ಹೈಕೋರ್ಟು ಗದರಿದ ಮೇಲೆ ಅದೇ ದಿನ ಮುಷ್ಕರ ನಿಂತಿತು. ಅಷ್ಟು ಹೊತ್ತಿಗೆ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಮನೆಯ ಹೆಂಗಸರು ಟಿಕೆಟ್ಟಿಗೆ ಕಾಸು ಕೊಡದೆ ಓಡಾಡತೊಡಗಿ ಎರಡು ವರ್ಷವಾಗಿತ್ತು. ಹಿಂಬಾಕಿಗೆ ಆ ಯೋಜನೆಯೇ ಕಾರಣವೆಂದು ನಾನು ಹೇಳುತ್ತಿಲ್ಲ, ಬಾಕಿ ಅದಕ್ಕಿಂತ ಹಳೆಯದು. ನಾನು ಹೇಳುವುದು ಇಷ್ಟೆ: ಬಸ್ಸು ನಮ್ಮದೆಂದರೆ ಅದನ್ನು ಓಡಿಸುವವನ ಬಾಕಿಯೂ ನಮ್ಮದು. ಮಾಲೀಕ ಸರ್ಕಾರ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಗುಂಡ್ಲುಪೇಟೆಯ ಆ ತಾಯಿ ಮೊದಲು ಹೇಳಿದ್ದು “ಸಂಬ್ಳ ಕೇಳ್ಲಿ” ಎಂದು. ತನ್ನ ಕಷ್ಟ ಹೇಳಿದ್ದು ಆಮೇಲೆ. ಮಗಳನ್ನು ನೋಡಲು ದಾರಿಯಿಲ್ಲದೆ ಕೂತಾಗಲೂ ಆಕೆಗೆ ಇನ್ನೊಬ್ಬರ ನ್ಯಾಯ ಕಂಡಿತ್ತು. ಕೂತು ಮಾತಾಡಬೇಕಾದವರು ಅಷ್ಟನ್ನು ಕಂಡರೂ, ನನ್ನ ಹಳೆಯ ಉರ್ದು ಪದಕ್ಕೆ ಅದರ ಮೊದಲ ಅರ್ಥ ಮರಳಿ ಸಿಕ್ಕೀತು.