ವಾಲಿಗೆ ಇನ್ನೊಂದು ಅಂತ್ಯವಿಲ್ಲ

ಮಳೆಗಾಲ ಬಂತೆಂದರೆ ಮುಂಬಯಿಯ ಸುತ್ತಮುತ್ತ ವಾಲಿ ಸಾಯತೊಡಗುತ್ತಾನೆ. ಸಾಯುವ ಮೊದಲು ಮಾತಾಡುತ್ತಾನೆ, ಅದೂ ಧಾರಾಳವಾಗಿ. ಕರಾವಳಿಯಲ್ಲಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ಆಸುಪಾಸಿನಲ್ಲಿ. ನಡುವಿನ ತಿಂಗಳುಗಳಲ್ಲಿ ಬಿಡುವಾದ ಭಾಗವತರೂ ಅರ್ಥಧಾರಿಗಳೂ ಮುಂಬಯಿಗೆ ಬರುವುದು ರೂಢಿ. ಅಜೆಕಾರು ಕಲಾಭಿಮಾನಿ ಬಳಗದಂಥ ಸಂಘಟನೆಗಳು ಸರಣಿ ತಾಳಮದ್ದಲೆಗಳನ್ನು ಏರ್ಪಡಿಸುತ್ತವೆ. ಠಾಣೆಯ ಖಾರಿ ದಾಟಿದ ಮೇಲೂ ಈ ಕಲೆಗೆ ಕಿವಿಗೊಡುವ ಜನಕ್ಕೆ ಬರವಿಲ್ಲ. ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘ, ಜುಯಿನಗರದ ಬಂಟ್ಸ್ ಸೆಂಟರ್, ಘನ್ಸೋಲಿಯ ಮೂಕಾಂಬಿಕಾ ಮಂದಿರ, ನೆರೂಲ್‌ನ ಶನೀಶ್ವರ ಮಂದಿರ, ಎಲ್ಲವೂ ಹೋಟೆಲು, ಬ್ಯಾಂಕು, ಕಾರ್ಖಾನೆಗಳ ದುಡಿಮೆಗೆಂದು ಬಂದವರು ತಮ್ಮ ಊರನ್ನು ಇಲ್ಲಿ ಕಟ್ಟಿಕೊಂಡ ಜಾಗಗಳೇ.

ತಾಳಮದ್ದಲೆ ನೋಡದವರಿಗೆ ಒಂದು ಮಾತು. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಕುಳಿತವರೇ ರಾಮ, ವಾಲಿ, ಕೌರವ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಆ ಪದ್ಯದ ಎಳೆ ಹಿಡಿದು ಪಾತ್ರವಾಗಿ ಮಾತಾಡುತ್ತಾನೆ. ಪದ್ಯ ಬರೆದದ್ದು, ಮಾತು ಬರೆಯದ್ದು. ಎದುರಾಳಿ ಏನು ಕೇಳುತ್ತಾನೋ ಮೊದಲೇ ಗೊತ್ತಿರುವುದಿಲ್ಲ. ಆದರೆ ಕಥೆ ಎಲ್ಲಿ ಮುಗಿಯುತ್ತದೆ ಎಂಬುದು ಸಭೆಯ ಹಿಂದಿನ ಸಾಲಿನಲ್ಲಿ ತೂಕಡಿಸುವವರಿಗೂ ಗೊತ್ತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಕಾಲದಿಂದಲೂ ಬಾಣ ವಾಲಿಯ ಎದೆಗೇ ನಾಟುತ್ತಿದೆ.

ಇತ್ತ, ಈ ಸಭಿಕರ ಮನೆಗಳ ಮೊಮ್ಮಕ್ಕಳ ಕೈಯಲ್ಲಿರುವ ಕಥೆಗಳು ಬೇರೆ ತರಹದವು. ಪಾತ್ರ ವಹಿಸಿ ಆಡುವ ಫ್ಯಾಂಟಸಿ ವಿಡಿಯೋ ಗೇಮುಗಳಲ್ಲಿ ಅಂತ್ಯವೆಂಬುದು ಒಂದಲ್ಲ. ಬೆಲ್ಜಿಯಂನ ಲೇರಿಯನ್ ಕಂಪನಿ 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಬಿಡುಗಡೆ ಮಾಡುವ ಮುನ್ನ, ಈ ಆಟ 17,000 ಬಗೆಯಲ್ಲಿ ಮುಗಿಯಬಹುದು ಎಂದು ಹೇಳಿಕೊಂಡಿತ್ತು. ಅವುಗಳಲ್ಲಿ ಬಹಳಷ್ಟು ಸಣ್ಣಪುಟ್ಟ ವ್ಯತ್ಯಾಸಗಳೇ ಇರಬೇಕು. ಆದರೂ ಆ ಸಂಖ್ಯೆ ಹೇಳುವ ಮಾತು ಸ್ಪಷ್ಟ: ಕಥೆ ನಿನ್ನದು, ನೀನು ಹೇಗೆ ಆಡಿದೆಯೋ ಹಾಗೆ ಮುಗಿಯುತ್ತದೆ.

ಇವೆರಡರಲ್ಲಿ ಸ್ವಾತಂತ್ರ್ಯ ಎಲ್ಲಿ ಹೆಚ್ಚು? ಕೇಳಿದೊಡನೆ ಗೇಮಿನಲ್ಲಿ ಎಂದೇ ಉತ್ತರ ಬರುತ್ತದೆ. ವಾಲಿಗೆ ಆಯ್ಕೆಯೇ ಇಲ್ಲವಲ್ಲ. ಆದರೆ ಧರ್ಮಾಧರ್ಮದ ಕಡೆಯಿಂದ ನೋಡಿದರೆ ಈ ಉತ್ತರ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಕೆನಡಾದ ಬಯೋವೇರ್ 2009ರಲ್ಲಿ ತಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಆಟವನ್ನು ತೆಗೆದುಕೊಳ್ಳಿ. ಅದರ ಕಾಳಗದಲ್ಲಿ ಟ್ಯಾಕ್ಟಿಕ್ಸ್ ಎಂಬ ಪಟ್ಟಿಯೊಂದಿದೆ. ಆಟಗಾರ ತನ್ನ ಸಂಗಡಿಗರಿಗೆ ಮೊದಲೇ ಕಟ್ಟಳೆ ಬರೆದಿಡಬಹುದು: ಜತೆಗಾರನ ಪ್ರಾಣ ಅರ್ಧಕ್ಕೆ ಇಳಿದರೆ ಚಿಕಿತ್ಸೆ ಮಾಡು, ಶತ್ರು ಮಂತ್ರವಾದಿಯಾದರೆ ಮೊದಲು ಅವನನ್ನೇ ಹೊಡೆ. ಬರೆದಿಟ್ಟ ಮೇಲೆ ಯುದ್ಧದ ಗದ್ದಲದಲ್ಲಿ ಅವರು ಅದರಂತೆಯೇ ನಡೆಯುತ್ತಾರೆ. ಮೊದಲು ಮಾಡಿಟ್ಟದ್ದು ಆಮೇಲೆ ತಾನೇ ತಾನಾಗಿ ಫಲಿಸುವ ಈ ಏರ್ಪಾಡಿಗೆ ನಮ್ಮ ಹಿರಿಯರಾದರೆ ಪ್ರಾರಬ್ಧವೆಂದು ಹೆಸರಿಡುತ್ತಿದ್ದರೇನೋ. ಆಟದ ಕೊನೆಯಲ್ಲಿ ಮಾತ್ರ ಕಟ್ಟಳೆ ಕೈಬಿಟ್ಟು ಧರ್ಮಸಂಕಟ ಎದುರಾಗುತ್ತದೆ. ಮಹಾಘಟಸರ್ಪದಂಥ ಆರ್ಚ್‌ಡೀಮನ್‌ನನ್ನು ಕೊಲ್ಲಬಲ್ಲವನು ಗ್ರೇ ವಾರ್ಡನ್ ಪಂಥದವನೊಬ್ಬನೇ. ಕೊಂದವನೂ ಅದರೊಂದಿಗೇ ಸಾಯಬೇಕು. ಆಟಗಾರ ತಾನೇ ಸಾಯಬಹುದು, ಜತೆಗಾರನನ್ನು ಸಾವಿಗೆ ಕಳುಹಿಸಬಹುದು. ಮೂರನೆಯ ದಾರಿಯೂ ಒಂದಿದೆ: ಯುದ್ಧದ ಹಿಂದಿನ ರಾತ್ರಿ ಮಾರಿಗನ್ ಎಂಬ ಮಾಟಗಾತಿ ಒಂದು ಗುಪ್ತ ವಿಧಿಯನ್ನು ಮುಂದಿಡುತ್ತಾಳೆ. ಒಪ್ಪಿದರೆ ಯಾರೂ ಸಾಯಬೇಕಿಲ್ಲ. ಆ ದೈತ್ಯನ ಆತ್ಮ ಇನ್ನೂ ಹುಟ್ಟದ ಶಿಶುವೊಂದಕ್ಕೆ ಹೋಗಿ ಸೇರುತ್ತದೆ, ಅಷ್ಟೆ.

ಬರೆದವರು ಜಾಣರು, ಮೂರನೆಯದಕ್ಕೂ ಒಂದು ಬೆಲೆ ಇಟ್ಟಿದ್ದಾರೆ. ತೊಡಕಿರುವುದು ಬೇರೆ ಕಡೆ. ಆಟವನ್ನು ಆ ರಾತ್ರಿಗೆ ಸರಿಯಾಗಿ ಸೇವ್ ಮಾಡಿಟ್ಟು, ಮೂರನ್ನೂ ಒಂದಾದ ಮೇಲೊಂದು ಆಡಿ ನೋಡಬಹುದು. ಮೂರನ್ನೂ ಆಡಿದವನು ಯಾವುದನ್ನು ಆರಿಸಿಕೊಂಡಂತಾಯಿತು? ಸಾವನ್ನು ಒಪ್ಪಿದ ತ್ಯಾಗಿಯೂ ಅವನೇ, ಗೆಳೆಯನನ್ನು ಬಲಿಕೊಟ್ಟವನೂ ಅವನೇ.

ಅಂತ್ಯ ಇಷ್ಟವಾಗದಿದ್ದರೆ ಬದಲಿಸಿಕೊಡಿ ಎಂದು ಕೇಳುವುದೂ ಇದರ ಮುಂದುವರಿಕೆ. ಅದೇ ಬಯೋವೇರ್‌ನ ‘ಮಾಸ್ ಎಫೆಕ್ಟ್ 3’ 2012ರ ಮಾರ್ಚಿನಲ್ಲಿ ಬಂದಾಗ ಅಭಿಮಾನಿಗಳು ಕೊನೆಯ ಬಗ್ಗೆ ದೊಡ್ಡ ಗಲಾಟೆ ಎಬ್ಬಿಸಿದರು. ಜೂನ್‌ನಲ್ಲಿ ಕಂಪನಿ ಹಿಗ್ಗಿಸಿದ, ವಿವರಣೆ ತುಂಬಿದ ಅಂತ್ಯವನ್ನು ಉಚಿತವಾಗಿ ಕೊಟ್ಟಿತು. ಕನ್ನಡ ಓದುಗರು ಇದಕ್ಕೆ ಬೆರಗಾಗಬೇಕಾದ್ದಿಲ್ಲ. 941ರ ಸುಮಾರಿಗೆ ಪಂಪ ಭಾರತವನ್ನು ಅರ್ಜುನ ಸುಭದ್ರೆಯರ ಪಟ್ಟಾಭಿಷೇಕದಲ್ಲಿ ಮುಗಿಸಿದ, ಆಶ್ರಯದಾತ ಅರಿಕೇಸರಿಯೇ ಅಲ್ಲಿ ಅರ್ಜುನನಲ್ಲವೇ. ನಾಲ್ಕು ದಶಕದ ಮೇಲೆ ರನ್ನ ಅದೇ ಸಿಂಹಾಸನದಲ್ಲಿ ಭೀಮನನ್ನೂ ದ್ರೌಪದಿಯನ್ನೂ ಕೂರಿಸಿದ. ಕುಮಾರವ್ಯಾಸ ಹತ್ತೇ ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಹೇಳಲು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಬರಬೇಕಾಯಿತು.

ವಾಲಿಗೂ ಇನ್ನೊಂದು ಅಂತ್ಯ ಸಿಕ್ಕಿತ್ತು, ಕನ್ನಡದಲ್ಲೇ. ವಿಮಲಸೂರಿಯ ಪರಂಪರೆಯನ್ನು ಹಿಡಿದ ನಾಗಚಂದ್ರನ ಜೈನ ರಾಮಾಯಣದ ದಾರಿಯಲ್ಲಿ ವಾಲಿ ರಾಮನ ಬಾಣಕ್ಕೆ ಸಿಗುವುದೇ ಇಲ್ಲ. ರಾಜ್ಯವನ್ನು ತಮ್ಮನಿಗೊಪ್ಪಿಸಿ ದೀಕ್ಷೆ ತೆಗೆದುಕೊಂಡು ಮುನಿಯಾಗುತ್ತಾನೆ. ರಾಮ ಎದುರಿಸುವುದು ಸುಗ್ರೀವನ ರೂಪ ತಾಳಿ ಬಂದ ಒಬ್ಬ ಮಾಯಾವಿ ವಿದ್ಯಾಧರನನ್ನು. ರಾವಣನನ್ನು ಕೊಲ್ಲುವ ಪಾಪವೂ ರಾಮನಿಗಿಲ್ಲ, ಅದು ಲಕ್ಷ್ಮಣನ ಪಾಲಿಗೆ. ಅಹಿಂಸೆಯನ್ನು ಉಸಿರಾಗಿಸಿಕೊಂಡ ಧರ್ಮಕ್ಕೆ ಇದು ಸಹಜ. ಮೋಕ್ಷಕ್ಕೆ ಹೋಗಬೇಕಾದವನ ಕೈ ಶುದ್ಧವಾಗಿರಲೇಬೇಕು. ಕಾವ್ಯವಾಗಿ ಅದು ದೊಡ್ಡದು. ಆದರೆ ಆ ಕಥೆಯಲ್ಲಿ ವಾಲಿ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳುವವರು ಯಾರೂ ಉಳಿಯಲಿಲ್ಲ.

ತಾಳಮದ್ದಲೆ ರಾಮನ ಕೈಯ ಕಳಂಕವನ್ನು ತೊಳೆಯಲಿಲ್ಲ, ಇಟ್ಟುಕೊಂಡಿತು.

ವಾಲಿವಧೆಯ ಯುದ್ಧತಂತ್ರವನ್ನೇ ನೋಡಿ. ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತದೆಂಬುದು ಜನಪ್ರಿಯ ಕಥೆ. ಅಂದಮೇಲೆ ಎದುರಿನಿಂದ ಗೆಲ್ಲುವ ದಾರಿ ಯಾರಿಗೂ ಇಲ್ಲ. ಯಾವುದೇ ಗೇಮಿನ ಚಾಣಾಕ್ಷ ಆಟಗಾರ ಎರಡೇ ನಿಮಿಷದಲ್ಲಿ ಕಂಡುಕೊಳ್ಳುವ ಉಪಾಯ ಒಂದೇ: ಮರೆಯಿಂದ ಹೊಡೆ. ರಾಮ ಮಾಡಿದ್ದೂ ಅದನ್ನೇ, ಅದೂ ಎರಡನೆಯ ಪ್ರಯತ್ನದಲ್ಲಿ. ಮೊದಲ ಸಲ ಅಣ್ಣತಮ್ಮಂದಿರ ರೂಪ ಒಂದೇ ಆಗಿ ಗುರಿ ಯಾವುದೆಂದು ತಿಳಿಯದೆ ರಾಮ ಬಾಣ ಬಿಡಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿ ಬಂದ. ಮರುಸಲ ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಸುತ್ತಿ ಗುರುತು ಮಾಡಿ ಕಳುಹಿಸಲಾಯಿತು. ವಾಲ್ಮೀಕಿ ಈ ವಿವರವನ್ನು ಬಿಟ್ಟಿಲ್ಲ. ಅವತಾರಪುರುಷನ ಯೋಜನೆಯೂ ಮೊದಲ ಏಟಿಗೇ ಫಲಿಸಲಿಲ್ಲ ಎಂಬುದನ್ನು ಮುಚ್ಚಿಡುವ ಅಗತ್ಯ ಆ ಕವಿಗೆ ಕಾಣಲಿಲ್ಲ.

ಗೇಮಿನಲ್ಲಾದರೆ ಇಲ್ಲಿಗೆ ಮುಗಿಯಿತು, ಶತ್ರು ಬಿದ್ದ. ತಾಳಮದ್ದಲೆ ಶುರುವಾಗುವುದು ಇಲ್ಲಿಂದ. ಬಾಣ ನಾಟಿದ ವಾಲಿ ಏಳುತ್ತಾನೆ, ಮಾತಿನಲ್ಲಿ. ನಮ್ಮಿಬ್ಬರ ನಡುವೆ ವೈರ ಯಾವುದು? ನಿನಗೆ ಬೇಕಾದದ್ದು ಸೀತೆಯಾದರೆ ನನ್ನನ್ನೇ ಕೇಳಬಹುದಿತ್ತಲ್ಲ? ಮರೆಯಲ್ಲಿ ನಿಲ್ಲುವ ಕಲೆಯನ್ನು ಯಾವ ಗುರು ಕಲಿಸಿದ? ರಾಮನ ಕಡೆಯಿಂದ ಬರುವ ಉತ್ತರಗಳು ಎರಡು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ನೀನು ದಂಡನೆಗೆ ಅರ್ಹ, ಭರತನ ಆಳ್ವಿಕೆಯ ಪರವಾಗಿ ನಾನು ದಂಡಿಸಿದ್ದೇನೆ. ಮತ್ತೆ, ನೀನು ಮೃಗ, ಮೃಗವನ್ನು ಮರೆಯಿಂದ ಬೇಟೆಯಾಡುವುದು ಕ್ಷತ್ರಿಯನಿಗೆ ದೋಷವಲ್ಲ. ಎರಡೂ ವಾಲ್ಮೀಕಿಯಲ್ಲೇ ಇವೆ. ಒಂದನ್ನೊಂದು ಕಡಿಯುತ್ತವೆ ಎಂಬುದು ಸಮರ್ಥ ಅರ್ಥಧಾರಿಗೆ ಕಾಣದೇ ಹೋಗುತ್ತದೆಯೇ? ಮೃಗವಾದರೆ ದಾಂಪತ್ಯದ ಕಟ್ಟಳೆ ನನಗೇಕೆ, ಕಟ್ಟಳೆಗೆ ಒಳಪಟ್ಟವನಾದರೆ ನನ್ನನ್ನು ಬೇಟೆಯಾಡಿದ್ದೇಕೆ? ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಪ್ರತಿನಾಯಕರಿಗೆ ಕೊಟ್ಟ ಮಾತಿನ ಘನತೆ ದೊಡ್ಡದು. ಅವರ ವಾಲಿಯನ್ನು ಕೇಳಿದ ಹಿರಿಯರು ಈಗಲೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತಾರೆ.

ಉಡುಪಿಯ ಕಡೆಯವರ ಬಾಯಲ್ಲಿ ಮೂರನೆಯ ಉತ್ತರವೂ ಬರಬಹುದು. ಮಧ್ವಾಚಾರ್ಯರ ‘ಮಹಾಭಾರತ ತಾತ್ಪರ್ಯ ನಿರ್ಣಯ’ ವಿಷಯವನ್ನು ತಿರುಗಿಸಿಯೇ ನೋಡುತ್ತದೆ. ವಾಲಿ ಭಕ್ತ, ಎದುರಿಗೆ ಕಂಡರೆ ಕಾಲಿಗೆ ಬೀಳುತ್ತಿದ್ದ, ಕಾಲಿಗೆ ಬಿದ್ದವನನ್ನು ಕೊಲ್ಲುವಂತಿಲ್ಲ, ಸುಗ್ರೀವನಿಗೆ ಕೊಟ್ಟ ಮಾತು ತಪ್ಪುವಂತೆಯೂ ಇಲ್ಲ, ಅದಕ್ಕೇ ಮರೆ. ಲೆಕ್ಕ ಅಲ್ಲಿಗೂ ಚುಕ್ತವಾಗುವುದಿಲ್ಲ. ಇಂದ್ರಾಂಶದ ವಾಲಿ ದ್ವಾಪರದಲ್ಲಿ ಅರ್ಜುನನಾಗುತ್ತಾನೆ, ಸೂರ್ಯಾಂಶದ ಸುಗ್ರೀವ ಕರ್ಣನಾಗುತ್ತಾನೆ. ಈ ಬಾರಿ ಭಗವಂತ ಕೂತಿರುವುದು ಇನ್ನೊಬ್ಬನ ರಥದಲ್ಲಿ. ಜನರ ಬಾಯಲ್ಲಿರುವ ಇನ್ನೊಂದು ಕಥೆ ನೇರ: ಕೃಷ್ಣನ ಪಾದಕ್ಕೆ ಮರೆಯಿಂದ ಬಾಣ ಬಿಟ್ಟ ಬೇಡ ಜರನೇ ಹಿಂದಿನ ಜನ್ಮದ ವಾಲಿ.

ಗೇಮುಗಳ ಲೋಕದಲ್ಲಿ ಇಂಥ ಸಾಲವನ್ನು ಮರೆಯದ ಆಟ ಅಪರೂಪ, ಆದರೆ ಇಲ್ಲದಿಲ್ಲ. ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ನಲ್ಲಿ ಪ್ರತಿ ಶತ್ರುವನ್ನೂ ಕೊಲ್ಲದೆ ಬಿಡುವ ದಾರಿಯಿದೆ. ಕುತೂಹಲಕ್ಕೆ ಎಲ್ಲರನ್ನೂ ಕೊಂದು ಮುಗಿಸಿ, ಆಮೇಲೆ ಹೊಸದಾಗಿ ಆರಂಭಿಸಿ ಯಾರನ್ನೂ ಕೊಲ್ಲದೆ ಆಡಿದರೂ ಆ ಸುಖಾಂತ್ಯ ಮೊದಲಿನಂತೆ ನಿರ್ಮಲವಾಗಿರುವುದಿಲ್ಲ. ಹಿಂದಿನ ಆಟದ ನೆರಳು ಅದರ ಮೇಲೆ ಬಿದ್ದಿರುತ್ತದೆ. ಸೇವ್ ಫೈಲಿನ ಮರೆಯಲ್ಲಿ ನಿಂತು ಬಾಣ ಬಿಡುವವನಿಗೆ ಸಿಗುವ ಜರನ ಉತ್ತರ ಇದು ಎನ್ನಲು ಅಡ್ಡಿಯಿಲ್ಲ.

ಮತ್ತೆ ಪ್ರಸಂಗಗಳಿಗೆ ಬಂದರೆ, ಗದಾಯುದ್ಧ ಇನ್ನೂ ಸ್ವಾರಸ್ಯಕರ. ಸರೋವರದಿಂದ ಎದ್ದು ಬಂದ ಕೌರವನಿಗೆ ಧರ್ಮರಾಯ ಒಡ್ಡಿದ ಪಣ ಸಾಮಾನ್ಯವೇ? ನಮ್ಮಲ್ಲಿ ಯಾವನನ್ನಾದರೂ ಒಬ್ಬನನ್ನು ಗೆಲ್ಲು, ರಾಜ್ಯ ನಿನ್ನದು. ಹದಿನೆಂಟು ದಿನದ ರಕ್ತವನ್ನು ಒಂದೇ ಮಾತಿನಲ್ಲಿ ಜೂಜಿಗಿಟ್ಟ ಅಣ್ಣನ ಮೇಲೆ ಕೃಷ್ಣ ಸಿಟ್ಟಾದದ್ದರಲ್ಲಿ ತಪ್ಪೇನಿಲ್ಲ. ನಕುಲನನ್ನೋ ಸಹದೇವನನ್ನೋ ಕರೆದಿದ್ದರೆ ಭಾರತದ ಅಂತ್ಯವೇ ಬೇರೆ. ಗೆಲ್ಲುವ ಆಯ್ಕೆ ಕೈಯಲ್ಲಿದ್ದೂ ಕೌರವ ಭೀಮನಿಗೆ ಎದುರಾಗುತ್ತಾನೆ. ಅತ್ತ ಧರ್ಮದ ಪಕ್ಷದವರು ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ತೊಡೆಗೆ ಹೊಡೆಯುತ್ತಾರೆ. ಬಲರಾಮ ಸಿಡಿದೇಳುತ್ತಾನೆ. ಯಾರು ಗೆದ್ದರು ಎಂಬುದರಲ್ಲಿ ಅನುಮಾನವಿಲ್ಲ, ಯಾರು ಹೇಗೆ ನಡೆದುಕೊಂಡರು ಎಂಬುದರಲ್ಲೇ ತಕರಾರು. ಮೂಲಭಾರತದ ಕೊನೆಯಲ್ಲಿ ಸ್ವರ್ಗಕ್ಕೆ ಹೋದ ಧರ್ಮರಾಯನ ಕಣ್ಣಿಗೆ ಮೊದಲು ಬೀಳುವವನು ಅಲ್ಲಿ ವೈಭವದಿಂದ ಕುಳಿತ ದುರ್ಯೋಧನ. ತಮ್ಮಂದಿರು ಕಾಣುವುದು ನರಕದಲ್ಲಿ. ಅದು ಕ್ಷಣಿಕ ಪರೀಕ್ಷೆ ಎಂದು ಆಮೇಲೆ ತಿಳಿಯುತ್ತದೆ, ನಿಜ. ಆದರೂ ಗೆದ್ದವರಿಗೆ ಇಷ್ಟು ಮುಜುಗರದ ಅಂತ್ಯವನ್ನು ಕೊಡುವ ಧೈರ್ಯ ಎಷ್ಟು ಗೇಮು ಕಂಪನಿಗಳಿಗಿದೆ?

ಹಾಗಾಗಿ ಕಟ್ಟಿಟ್ಟ ಅಂತ್ಯ ಪಾತ್ರದ ಕೈ ಕಟ್ಟುತ್ತದೆ ಎಂಬುದು ಅರ್ಧ ಸತ್ಯ. ಫಲ ಯಾವುದೆಂಬ ಚಿಂತೆಯನ್ನು ಕಥೆ ತನ್ನ ಮೇಲೆ ಹಾಕಿಕೊಂಡಾಗ ಅರ್ಥಧಾರಿಗೆ ಉಳಿಯುವುದು ನ್ಯಾಯ ಯಾರ ಕಡೆ ಎಂಬ ಒಂದೇ ಕೆಲಸ. ಅದನ್ನು ಸೇವ್ ಮಾಡಿಡಲು ಆಗುವುದಿಲ್ಲ. ಸಭೆಯ ಎದುರು ಆಡಿದ ಮಾತನ್ನು ಹಿಂದಕ್ಕೆ ಪಡೆಯಲೂ ಆಗುವುದಿಲ್ಲ. ಒಂದು ಸಂಜೆ ವಾದದಲ್ಲಿ ವಾಲಿ ಗೆಲ್ಲುತ್ತಾನೆ, ಇನ್ನೊಂದು ಸಂಜೆ ರಾಮ. ಬಾಣ ಮಾತ್ರ ಎರಡೂ ಸಂಜೆ ನಾಟುತ್ತದೆ.

ಮುಂಬಯಿಯ ತುಳು ಕನ್ನಡಿಗರು ಬೆಳೆಸಿದ ಇನ್ನೊಂದು ಪದ್ಧತಿ ಈ ವಿಚಾರವನ್ನು ತುದಿಗೆ ಒಯ್ಯುತ್ತದೆ. ಶನಿಪೂಜೆಯ ದಿನ ನಡೆಯುವ ಶನಿಗ್ರಂಥ ಪಾರಾಯಣ ತಾಳಮದ್ದಲೆಯ ಧಾಟಿಯದ್ದೇ: ವಾಚಕರು ಓದುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಕಥಾನಾಯಕ ವಿಕ್ರಮ ಮಹಾವೀರ, ಆದರೆ ಶನಿಕಾಟದ ಏಳೂವರೆ ವರ್ಷ ಅವನ ಕತ್ತಿಗೆ ಕೆಲಸವಿಲ್ಲ. ಚಿತ್ರದ ಹಂಸ ಮುತ್ತಿನ ಹಾರ ನುಂಗುತ್ತದೆ, ಕಳ್ಳತನ ಇವನ ತಲೆಗೆ ಬರುತ್ತದೆ, ಕೈಕಾಲು ಕಡಿಯುತ್ತಾರೆ, ಗಾಣದ ಮೇಲೆ ಕುಳಿತು ಎತ್ತು ಹೊಡೆಯಬೇಕಾಗುತ್ತದೆ. ಇಲ್ಲಿ ಯಾವ ತಂತ್ರವೂ ನಡೆಯದು. ಅವಧಿ ಮುಗಿದಾಗ ಹಂಸ ಹಾರವನ್ನು ತಾನೇ ಉಗುಳುತ್ತದೆ, ಕೈಕಾಲು ಮರಳುತ್ತವೆ. ವಿಕ್ರಮನ ಪಾಲಿಗೆ ಇದ್ದ ಆಯ್ಕೆ ಒಂದೇ, ಗಾಣದ ಮೇಲೆ ಕುಳಿತಾಗ ಹಾಡುವುದೋ ಶಪಿಸುವುದೋ. ಅವನು ಹಾಡಿದ, ದೀಪಗಳು ಹೊತ್ತಿಕೊಂಡವು. ಪಾಳಿ ಮುಗಿಸಿ ಬಂದು ಪಾರಾಯಣಕ್ಕೆ ಕೂರುವವರಿಗೆ ಈ ಕಥೆ ಯಾಕೆ ಹತ್ತಿರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಗರದ ತಾಳಮದ್ದಲೆಗೆ ನಿಜವಾದ ಅಪಾಯ ಗೇಮುಗಳಿಂದ ಇದ್ದಂತಿಲ್ಲ, ಗಡಿಯಾರದಿಂದ ಇದೆ. ಊರಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದದ್ದು ಇಲ್ಲಿ ಕಾಲಮಿತಿಗೆ ಇಳಿದಿದೆ. ಸಭಾಗೃಹದ ಬಾಡಿಗೆಗೆ ಅವಧಿಯಿದೆ, ಸನ್ಮಾನ ಭಾಷಣಗಳಿಗೆ ಅವಧಿಯಿಲ್ಲ, ಕಲ್ಯಾಣದ ಕಡೆಗೆ ಹೋಗುವವರಿಗೆ ಲೋಕಲ್ ಹಿಡಿಯುವ ಅವಸರ. ಭಾಗವತರು ಪದ್ಯಗಳನ್ನು ಬಿಡುತ್ತಾರೆ, ವಾಲಿಯ ಹೆಂಡತಿ ತಾರೆಯ ಎಚ್ಚರಿಕೆ ನಾಲ್ಕು ಮಾತಿಗೆ ಮುಗಿಯುತ್ತದೆ, ಸುಗ್ರೀವ ಎರಡು ಸಲ ಹೋಗಿ ಬರುವ ಬದಲು ಒಂದೇ ಸಲಕ್ಕೆ ಕೆಲಸ ಮುಗಿಸುತ್ತಾನೆ. ಬಾಣವನ್ನು ಬಿಡುವಂತಿಲ್ಲ, ಅದು ಪ್ರಸಂಗದಲ್ಲಿದೆ. ಕತ್ತರಿ ಬೀಳುವುದು ಬಾಣ ನಾಟಿದ ಮೇಲೆ ವಾಲಿ ಕೇಳುವ ಪ್ರಶ್ನೆಗಳಿಗೆ.