ಹೆಗಲು ಮುಟ್ಟಿ ನೋಡಿಕೊಂಡವರು

2020ರ ಮೇ ತಿಂಗಳ ಕೊನೆ. ಲಾಕ್‌ಡೌನ್ ಶುರುವಾಗಿ ಎರಡು ತಿಂಗಳಾಗಿತ್ತು. ಜೈಪುರದ ಮೇಲೆ ಮಿಡತೆ ದಂಡು ಹಾರಾಡೋ ವಿಡಿಯೋ ಟೀವಿಯಲ್ಲಿ ಬರ್ತಿತ್ತು. ಅದೇ ವಾರ ನಮ್ಮ ಚರ್ಚಿನ ವಾಟ್ಸ್ಯಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಬೈಬಲಿನ ಎರಡನೇ ಪೂರ್ವಕಾಲವೃತ್ತಾಂತದಲ್ಲಿ ದೇವರು ಸೊಲೊಮೋನನಿಗೆ ಬರಗಾಲ, ಮಿಡತೆ, ವ್ಯಾಧಿ ಕಳಿಸುವ ಬಗ್ಗೆ ಹೇಳುವ ಭಾಗ ಅದು. ಕೆಳಗೆ ಯಾರೋ ಸೇರಿಸಿದ್ದರು: ಈ ದೇಶ ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಐದು ನಿಮಿಷದಲ್ಲಿ ಇಪ್ಪತ್ತು ಆಮೆನ್ ಬಿದ್ದವು. ಅದರಲ್ಲಿ ನಂದೂ ಒಂದು.

ಆದರೆ ಆ ಮಾತು ಅಲ್ಲಿಗೆ ಮುಗಿಯಲ್ಲ. ಯಾರು ತಗ್ಗಿಕೊಳ್ಳಬೇಕು, ಯಾರು ಕೆಟ್ಟ ದಾರಿ ಬಿಡಬೇಕು ಅಂತ ಮುಂದಿನ ವಚನದಲ್ಲೇ ಇದೆ. ದೇವರ ಹೆಸರು ಹೊತ್ತ ಜನ. ಅಂದ್ರೆ ಆಮೆನ್ ಒತ್ತಿದ ನಾವೇ. ವಿಳಾಸ ಸರಿಯಾಗಿ ಬರೆದಿದ್ದ ಪತ್ರವನ್ನ ಒಡೆದೂ ನೋಡದೆ ಪಕ್ಕದ ಮನೆ ಗೇಟಿಗೆ ಸಿಕ್ಕಿಸಿ ಬಂದಿದ್ವಿ. ಇದು ನನಗೆ ಹೊಳೆದದ್ದು ಒಂದು ವರ್ಷ ಆದ ಮೇಲೆ. ಹೇಗೆ ಅನ್ನೋದನ್ನ ಮುಂದೆ ಹೇಳ್ತೀನಿ.

ಕ್ರೈಸ್ತರಲ್ಲದ ಗೆಳೆಯರಿಗೆ ಒಂದು ಮಾತು. ಹೀಬ್ರೂ ಪ್ರವಾದಿಗಳು ಅಂದ್ರೆ ಕವಡೆ ಹಾಕಿ ಭವಿಷ್ಯ ಹೇಳೋರು ಅಂದುಕೊಳ್ಳಬೇಡಿ. ನೀವು ನಡೀತಿರೋ ದಾರಿ ಎಲ್ಲಿಗೆ ಹೋಗುತ್ತೆ ಅಂತ ಕೂಗಿ ಹೇಳಿ, ಆ ಊರು ಬರೋಕೆ ಮುಂಚೆ ತಿರುಗಿ ಅಂತ ಅಂಗಲಾಚುತ್ತಿದ್ದವರು ಅವರು. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ’ ಅಂತ ನಾವು ಆಡಿಕೊಂಡು ನಗ್ತೀವಲ್ಲ, ಪ್ರವಾದಿಗೆ ಬೇಕಾಗಿದ್ದು ಅಷ್ಟೇ. ಕೇಳಿದ ಕೂಡಲೇ ಒಬ್ಬನಾದರೂ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳಲಿ. ಅದೊಂದೇ ಜನ ಮಾಡ್ತಿರಲಿಲ್ಲ.

ಆಮೋಸನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ರಿಸ್ತಪೂರ್ವ 8ನೇ ಶತಮಾನದ ಮನುಷ್ಯ. ಬೆತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವದವನು, ಕುರಿ ಸಾಕಿಕೊಂಡು, ಅತ್ತಿಯ ಜಾತಿಯ ಒಂದು ಮರದ ಹಣ್ಣು ನೋಡಿಕೊಂಡು ಇದ್ದವನು. ಉತ್ತರದ ಇಸ್ರೇಲ್ ರಾಜ್ಯಕ್ಕೆ ಹೋಗಿ ಇವನು ಮಾತು ಶುರು ಮಾಡೋ ರೀತಿ ನೋಡಿ. ಮೊದಲು ದಮಸ್ಕದ ಪಾಪ. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಎಲ್ಲಾ ಅಕ್ಕಪಕ್ಕದ ಶತ್ರುಗಳು. ಜನ ತಲೆದೂಗಿರಲೇಬೇಕು, ಆಗ ಇಮೋಜಿ ಇರಲಿಲ್ಲ ಅಷ್ಟೇ. ಏಳನೆಯದು ದಾಯಾದಿ ರಾಜ್ಯ ಯೆಹೂದ, ಅಂದ್ರೆ ಅವನದ್ದೇ ನಾಡು. ಬೇಲಿ ಹತ್ತಿರ ಹತ್ತಿರ ಬರ್ತಾ ಇದೆ. ಎಂಟನೆಯದಾಗಿ ಕೇಳ್ತಾ ಕೂತಿದ್ದ ಇಸ್ರೇಲೇ! ಬೇರೆಯವರಿಗೆಲ್ಲ ಎರಡು ಮೂರು ವಾಕ್ಯ, ಇವರಿಗೆ ಮಾತ್ರ ಉದ್ದನೆ ಪಟ್ಟಿ. ಅದರಲ್ಲಿ ಇದ್ದದ್ದು ಒಂದು ಜೋಡಿ ಚಪ್ಪಲಿಯ ಬೆಲೆಗೆ ಬಡವನನ್ನ ಮಾರಿದ್ದು. ಹಬ್ಬ ಯಾವಾಗ ಮುಗಿಯುತ್ತೋ, ಅಂಗಡಿ ತೆಗೆದು ಸಣ್ಣ ಕೊಳಗದಲ್ಲಿ ಧಾನ್ಯ ಅಳೆಯೋಣ ಅಂತ ಕಾಯ್ತಿದ್ದವರ ಕಥೆ ಮುಂದಿನ ಅಧ್ಯಾಯಗಳಲ್ಲಿ ಬರುತ್ತೆ.

ಬೇತೇಲಿನ ಪುರೋಹಿತ ಅಮಚ್ಯ ಇವನ ಮಾತಿಗೆ ಉತ್ತರವನ್ನೇ ಕೊಡಲಿಲ್ಲ. ನಿನ್ನ ಊರಿಗೆ ಹೋಗಿ ಅಲ್ಲಿ ಪ್ರವಾದನೆ ಮಾಡಿ ಹೊಟ್ಟೆ ಹೊರೆದುಕೋ, ಇದು ರಾಜನ ದೇವಸ್ಥಾನ ಅಂದ. ಅದೂ ಒಂಥರಾ ಫಾರ್ವರ್ಡೇ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಯೆರೆಮೀಯ. 2021ರಲ್ಲಿ ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಅವನ ಪುಸ್ತಕದ ಸರದಿ ಬಂತು, 22ರಿಂದ 36ನೇ ಅಧ್ಯಾಯದವರೆಗೆ ತಯಾರಿ ನನ್ನ ಪಾಲಿಗೆ. ಅಲ್ಲಿ ಯೆಹೋಯಾಕೀಮ ಅಂತ ಒಬ್ಬ ರಾಜ ಇದಾನೆ. ಕ್ರಿ.ಪೂ. 609ರಲ್ಲಿ ಈಜಿಪ್ಟಿನ ಫರೋಹ ಪಟ್ಟಕ್ಕೆ ಕೂರಿಸಿದವನು. ಫರೋಹನಿಗೆ ಕಪ್ಪ ಕಟ್ಟೋಕೆ ದೇಶದ ಜನರಿಂದ ಬೆಳ್ಳಿ ಬಂಗಾರ ವಸೂಲಿ ಮಾಡಿದ. ಅದೇ ಹೊತ್ತಿಗೆ ತನಗೊಂದು ಅರಮನೆ. ವಿಶಾಲವಾದ ಮಹಡಿ, ದೊಡ್ಡ ಕಿಟಕಿ, ದೇವದಾರು ಹಲಗೆ, ಕೆಂಪು ಬಣ್ಣ. ಕಟ್ಟಿದವರಿಗೆ ಕೂಲಿ ಕೊಡಲಿಲ್ಲ. ಯೆರೆಮೀಯ ಇವನ ಮುಖಕ್ಕೆ ಹಿಡಿದ ಪ್ರಶ್ನೆ ಸರಳ. ನಿಮ್ಮಪ್ಪನೂ ಉಂಡ, ಕುಡಿದ, ಆದರೂ ಬಡವನ ನ್ಯಾಯ ನೋಡಿದ. ನೀನು ರಾಜನಾಗೋದು ಅಂದ್ರೆ ದೇವದಾರು ಮರದಲ್ಲಿ ಪೈಪೋಟಿ ಅಂದುಕೊಂಡಿದ್ದೀಯಾ? ದೇವರನ್ನ ತಿಳಿಯೋದು ಅಂದ್ರೆ ಬಡವನಿಗೆ ನ್ಯಾಯ ಕೊಡೋದೇ ಅಂತ ಅಲ್ಲಿ ಬರುತ್ತೆ. ನಾನು ಭಾನುವಾರದ ಶಾಲೆಯಿಂದ ಕೇಳ್ಕೊಂಡು ಬಂದ ದೇವಜ್ಞಾನಕ್ಕೂ ಇದಕ್ಕೂ ಬಹಳ ದೂರ ಇತ್ತು.

ಕ್ರಿ.ಪೂ. 604ರ ಚಳಿಗಾಲ. ಯೆರೆಮೀಯ ಹೇಳಿ ಬರೆಸಿದ ಸುರುಳಿಯನ್ನ ಅವನ ಲಿಪಿಕಾರ ಬಾರೂಕ ದೇವಾಲಯದಲ್ಲಿ ಓದಿದ, ಶಾಫಾನನ ಮಗ ಗೆಮರ್ಯನ ಕೋಣೆಯಿಂದ. ಅದು ಅಧಿಕಾರಿಗಳ ಕೈ ದಾಟಿ ರಾಜನ ಹತ್ತಿರ ಹೋಯ್ತು. ರಾಜ ಚಳಿಗಾಲದ ಮನೆಯಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತಿದ್ದ. ಮೂರ್ನಾಲ್ಕು ಅಂಕಣ ಓದಿದ ಹಾಗೆಲ್ಲ ಲಿಪಿಕಾರನ ಚಾಕು ತಗೊಂಡು ಅಷ್ಟನ್ನ ಕತ್ತರಿಸಿ ಬೆಂಕಿಗೆ ಹಾಕ್ತಿದ್ದ. ಸಿಟ್ಟಿನಲ್ಲಿ ಒಟ್ಟಿಗೆ ಎಸೆದಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಇವನು ಪೂರ್ತಿ ಕೇಳಿಸಿಕೊಂಡು, ಚಳಿ ಕಾಯಿಸಿಕೊಂಡು, ಕಂತು ಕಂತಾಗಿ ಸುಟ್ಟ. ಗೆಮರ್ಯನೂ ಇನ್ನಿಬ್ಬರೂ ಬೇಡ ಅಂದರು, ಕೇಳಲಿಲ್ಲ.

ಇದನ್ನ ಬರೆದವನು ಇನ್ನೊಂದು ಘಟನೆ ಮನಸ್ಸಲ್ಲಿ ಇಟ್ಟುಕೊಂಡೇ ಬರೆದಿದ್ದಾನೆ ಅನ್ಸುತ್ತೆ. ಸುಮಾರು ಹದಿನೆಂಟು ವರ್ಷ ಹಿಂದೆ ಇದೇ ರಾಜನ ಅಪ್ಪ ಯೋಷೀಯನ ಮುಂದೆಯೂ ಒಂದು ಸುರುಳಿ ಓದಿದ್ದರು. ಓದಿದವನು ಶಾಫಾನ. ಕೇಳಿದ ಕೂಡಲೇ ಯೋಷೀಯ ತನ್ನ ಬಟ್ಟೆ ಹರಿದುಕೊಂಡ. ಅಪ್ಪ ಬಟ್ಟೆ ಹರಿದದ್ದಕ್ಕೂ ಮಗ ಸುರುಳಿ ಕತ್ತರಿಸಿದ್ದಕ್ಕೂ ಹೀಬ್ರೂವಿನಲ್ಲಿ ಒಂದೇ ಕ್ರಿಯಾಪದ. ಮಗನೂ ಅವನ ಸೇವಕರೂ ಬಟ್ಟೆ ಹರಿದುಕೊಳ್ಳಲಿಲ್ಲ ಅಂತ ಬೇರೆ ಸೇರಿಸಿದ್ದಾನೆ.

ಯೆರೂಸಲೇಮ್ ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನವರ ಕೈಯಲ್ಲಿ ಸುಟ್ಟುಹೋಯಿತು. 1982ರಲ್ಲಿ ಯಿಗಾಲ್ ಶಿಲೋ ಅನ್ನೋ ಪುರಾತತ್ತ್ವಜ್ಞನ ತಂಡಕ್ಕೆ ಅಲ್ಲಿನ ಒಂದು ಸುಟ್ಟ ಮನೆಯಲ್ಲಿ ಐವತ್ತರಷ್ಟು ಮಣ್ಣಿನ ಮುದ್ರೆಗಳು ಸಿಕ್ಕವು. ಅವು ಅಂಟಿಕೊಂಡಿದ್ದ ದಾಖಲೆಗಳೆಲ್ಲ ಬೂದಿ, ಅದೇ ಬೆಂಕಿಯಲ್ಲಿ ಬೆಂದ ಮುದ್ರೆಗಳು ಮಾತ್ರ ಗಟ್ಟಿಯಾಗಿ ಉಳಿದವು. ಅದರಲ್ಲಿ ಒಂದರ ಮೇಲೆ ಶಾಫಾನನ ಮಗ ಗೆಮರ್ಯ ಅಂತ ಇದೆ. ಸುಡಬೇಡ ಅಂದವನದೇ ಮುದ್ರೆ ಇರಬೇಕು ಅಂತ ಬಹಳ ವಿದ್ವಾಂಸರ ಅಭಿಪ್ರಾಯ.

ಸರಿ, ಎಚ್ಚರಿಕೆ ಕೇಳದವರ ಕಥೆ ಇದಾಯ್ತು. ಕೇಳಿದರೆ ಏನಾಗುತ್ತೆ? ಇಲ್ಲೇ ಒಂದು ತೊಡಕಿದೆ. ಕೇಳಿದರೆ ಏನೂ ಆಗಲ್ಲ! ನಮ್ಮ ಇಂಡಸ್ಟ್ರಿಯ ಹಿರಿಯರಿಗೆ ವೈ2ಕೆ ನೆನಪಿರುತ್ತೆ. ವರ್ಷಗಟ್ಟಲೆ ಕೂತು ಕೋಡಿನಲ್ಲಿ ತಾರೀಕು ತಿದ್ದಿದರು. 2000ದ ಜನವರಿ 1ಕ್ಕೆ ಹೇಳಿಕೊಳ್ಳುವಂಥ ಅನಾಹುತ ಆಗಲಿಲ್ಲ. ಆಮೇಲೆ ಜನ ಏನಂದ್ರು? ಅದೆಲ್ಲಾ ಸುಮ್ನೆ ಹೆದರಿಸಿದ್ದು ಅಂತ.

ಮೀಕನಿಗೂ ಇದೇ ಆಗಬಹುದಿತ್ತು. ಹಿಜ್ಕೀಯ ರಾಜನ ಕಾಲದಲ್ಲಿ ಮೋರೇಷೆತ್ ಅನ್ನೋ ಊರಿನಿಂದ ಬಂದ ಇವನು, ಯೆರೂಸಲೇಮ್ ಹಾಳುದಿಬ್ಬ ಆಗುತ್ತೆ, ದೇವಾಲಯದ ಗುಡ್ಡದ ಮೇಲೆ ಕಾಡು ಬೆಳೆಯುತ್ತೆ ಅಂದಿದ್ದ. ಅವನ ಕಾಲದಲ್ಲಿ ಹಾಗಾಗಲಿಲ್ಲ. ಹೇಳಿದ್ದು ನಡೆಯದಿದ್ದರೆ ಆ ಮಾತು ದೇವರದ್ದಲ್ಲ ಅಂತ ಧರ್ಮೋಪದೇಶಕಾಂಡದಲ್ಲಿ ನಿಯಮ ಇದೆ. ಹಾಗಾದ್ರೆ ಮೀಕ ಸುಳ್ಳುಗಾರನಾ? ಸುಮಾರು ನೂರು ವರ್ಷ ಆದ ಮೇಲೆ, ಯೆಹೋಯಾಕೀಮನ ಆಳ್ವಿಕೆ ಶುರುವಾದಾಗ, ದೇವಾಲಯವೂ ಉಳಿಯಲ್ಲ ಅಂದ ತಪ್ಪಿಗೆ ಯೆರೆಮೀಯನನ್ನ ಕೊಲ್ಲಬೇಕು ಅಂತ ಪುರೋಹಿತರು ಪಟ್ಟು ಹಿಡಿದರು. ಆಗ ಊರ ಹಿರಿಯರು ಎದ್ದು ಮೀಕನ ಹೆಸರು ಹೇಳಿದರು. ಅವನ ಮಾತಿಗೆ ಹಿಜ್ಕೀಯ ಹೆದರಿದ, ದೇವರನ್ನ ಬೇಡಿಕೊಂಡ, ದೇವರೂ ಮನಸ್ಸು ಬದಲಿಸಿದ, ಅವನನ್ನೇನು ಕೊಂದರಾ ಅಂತ ಕೇಳಿದರು. ನಡೆಯದೇ ಹೋದ ಎಚ್ಚರಿಕೆಯನ್ನ ಆ ಹಿರಿಯರು ಗೆದ್ದ ಎಚ್ಚರಿಕೆ ಅಂತ ಲೆಕ್ಕ ಹಾಕಿದರು. ಶಾಫಾನನ ಇನ್ನೊಬ್ಬ ಮಗ ಅಹೀಕಾಮ ಬೆನ್ನಿಗೆ ನಿಂತ, ಯೆರೆಮೀಯ ಬದುಕಿಕೊಂಡ. ಅದೇ ಮಾತಾಡಿದ ಊರೀಯನಿಗೆ ಈ ಅದೃಷ್ಟ ಇರಲಿಲ್ಲ. ಈಜಿಪ್ಟಿಗೆ ಓಡಿಹೋದವನನ್ನ ಎಳೆದು ತಂದು ಕೊಂದರು.

ಇಷ್ಟೆಲ್ಲಾ ಓದಿದ ಮೇಲೂ ನನಗೆ ಒಂದು ಭಯ ಇದೆ. ತೀರ್ಪು, ಶಿಕ್ಷೆ ಅಂತ ಬಾಯಿ ಬಿಟ್ಟ ಕೂಡಲೇ ನಾವು ಸುನಾಮಿಯಲ್ಲಿ ಸತ್ತವರ ಮೇಲೆ, ಕೊರೊನಾದಲ್ಲಿ ಸತ್ತವರ ಮೇಲೆ ಅದನ್ನ ಹೇರ್ತೀವಿ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ ಅವರು ಬೇರೆಯವರಿಗಿಂತ ಹೆಚ್ಚು ಪಾಪಿಗಳಾ ಅಂತ ಯೇಸುವೇ ಪ್ರಶ್ನೆ ಎತ್ತಿ, ಇಲ್ಲ ಅಂತ ಅವನೇ ಉತ್ತರಿಸಿದ. ಅಲ್ಲಿಗೆ ಬಿಡದೆ, ನೀವು ತಿರುಗದಿದ್ದರೆ ನಿಮ್ಮ ಗತಿಯೂ ಅಷ್ಟೇ ಅಂತ ಕೇಳ್ತಾ ನಿಂತವರ ಕಡೆಗೇ ಮಾತು ತಿರುಗಿಸಿದ. ಸತ್ತವರ ಬಗ್ಗೆ ಮಾತಾಡೋಕೆ ಪರವಾನಗಿ ಇಲ್ಲ, ಬದುಕಿರೋ ನನ್ನ ಬಗ್ಗೆ ಮಾತ್ರ. ಬೋಧಕರು ಈ ಭಾಗವನ್ನ ಇನ್ನೂ ಸ್ವಲ್ಪ ಜಾಸ್ತಿ ಓದಬಹುದಿತ್ತು, ನಾನೂ ಸೇರಿ.

ಈಗ ನನ್ನ ಕಥೆ. ನಮ್ಮ ಫ್ಲ್ಯಾಟಿಗೆ ಕೆಲಸಕ್ಕೆ ಬರ್ತಿದ್ದ ಅಕ್ಕನಿಗೆ ತಿಂಗಳಿಗೆ 3,000 ರೂಪಾಯಿ. 2020ರ ಮಾರ್ಚ್ ಕೊನೆಯಲ್ಲಿ ಬರಬೇಡಿ ಅಂದ್ವಿ, ಸಂಬಳ ಕೊಡ್ತೀವಿ ಅಂತಾನೂ ಅಂದ್ವಿ. ಏಪ್ರಿಲ್ ಪೂರ್ತಿ ಕೊಟ್ವಿ. ಮೇನಲ್ಲಿ ಅರ್ಧ. ಜೂನ್, ಜುಲೈ ಏನೂ ಇಲ್ಲ. ಯಾಕೆ ಅಂತ ನಾನೂ ನನ್ನ ಹೆಂಡತಿಯೂ ಕೂತು ತೀರ್ಮಾನ ಮಾಡಿದ ನೆನಪೇ ಇಲ್ಲ, ಅವಳೂ ಕೇಳಲಿಲ್ಲ, ಹಾಗೇ ನಿಂತುಹೋಯ್ತು. ನನ್ನ ಸಂಬಳದಲ್ಲಿ ಆ ವರ್ಷ ಒಂದು ರೂಪಾಯಿಯೂ ಕಡಿತ ಆಗಿರಲಿಲ್ಲ. ಊರಲ್ಲಿ ನಮ್ಮವ್ವ ವಾರವಿಡೀ ಕೂಲಿ ಮಾಡಿ, ಬಟವಾಡೆ ದಿನ ಸಾಹುಕಾರರ ಜಗಲಿ ಕೆಳಗೆ ಕತ್ತಲಾಗೋವರೆಗೂ ಕಾಯ್ತಿದ್ದಳು. ಅವಳ ಸೆರಗು ಹಿಡ್ಕೊಂಡು ನಿಂತಿದ್ದವನು ನಾನೇ. ಮಿಡತೆ ಫಾರ್ವರ್ಡಿಗೆ ಆಮೆನ್ ಒತ್ತಿದ್ದು ಆ ಅರ್ಧ ಸಂಬಳದ ತಿಂಗಳಲ್ಲಿ.

ಬೈಬಲ್ ಅಧ್ಯಯನಕ್ಕೆ ಟಿಪ್ಪಣಿ ಮಾಡ್ತಾ, ಯೆಹೋಯಾಕೀಮನ ಅರಮನೆ ಬಗ್ಗೆ ಒಂದು ಸ್ಲೈಡ್ ಬರೀತಿದ್ದಾಗ ಕೈ ನಿಂತಿತು. ಎರಡೂವರೆ ತಿಂಗಳು, 7,500. ಅವಳ ಹಳೇ ನಂಬರ್ ಹುಡುಕಿ ಫೋನ್ ಮಾಡಿದೆ. ಅಷ್ಟೊತ್ತಿಗೆ ಬೇರೆ ಕಡೆ ಕೆಲಸ ಹಿಡಿದಿದ್ದಳು. ದುಡ್ಡು ಹಾಕ್ತೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

‘ಯಾವ ದುಡ್ಡು ಸಾರ್?’

‘ಹೋದ ವರ್ಷದ್ದು. ಬಾಕಿ ಇತ್ತು.’

‘ಅವಾಗ ಬೇಕಿತ್ತು ಸಾರ್,’ ಅಂದಳು. ಆಮೇಲೆ ಮಗಳ ಗೂಗಲ್ ಪೇ ನಂಬರ್ ಹೇಳಿದಳು, ನಾನು ಬರ್ಕೊಂಡೆ.