ಬಿಂಬವೂ ಪ್ರತಿಕೃತಿಯೂ

ಒಂದು ವಸ್ತುವನ್ನು ಹೋಲುವ ಮತ್ತೊಂದು ವಸ್ತು ಸತ್ಯವೋ ಮಿಥ್ಯೆಯೋ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಅವರು ಕೊಡುವ ದೃಷ್ಟಾಂತಗಳು ಸಾಮಾನ್ಯವಾಗಿ ಎರಡು: ಕನ್ನಡಿಯೊಳಗಿನ ಮುಖ, ನೀರಿನೊಳಗಿನ ಚಂದ್ರ. ಆದರೆ ಈ ಎರಡು ಹೋಲಿಕೆಗಳೂ ಯಾರ ಪ್ರಯತ್ನವೂ ಇಲ್ಲದೆ ಕ್ಷಣಮಾತ್ರದಲ್ಲಿ ಮೂಡಿ ಕ್ಷಣಮಾತ್ರದಲ್ಲಿ ಅಳಿಯತಕ್ಕವು. ಮನುಷ್ಯನು ಬುದ್ಧಿಪೂರ್ವಕವಾಗಿ, ಕೈಯಾರೆ, ವರ್ಷಗಟ್ಟಲೆ ಶ್ರಮಪಟ್ಟು ನಿರ್ಮಿಸುವ ಹೋಲಿಕೆಯೊಂದನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಕೇಳಿದರೆ ಉತ್ತರವು ಬೇರೆಯಾದೀತೇ ಎಂಬುದು ನನ್ನ ಕುತೂಹಲ. ಅದಕ್ಕಾಗಿ ನಾನು ಆರಿಸಿಕೊಂಡಿರುವ ವಸ್ತು, ಹವ್ಯಾಸಕ್ಕೆಂದು ಮರದಲ್ಲಿ ಕಟ್ಟುವ ಪುಟ್ಟ ಹಡಗು.

ಈ ಹಡಗನ್ನು ಕಡಲತೀರದಲ್ಲಿ ಇರಿಸದೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿಯೇ ಇರಿಸಿ ನೋಡೋಣ. ಇಲ್ಲಿಂದ ಕಡಲು ನೂರಾರು ಕಿಲೋಮೀಟರ್ ದೂರ. ಇಲ್ಲಿರುವುದು ತೊಗರಿಯ ಹೊಲಗಳು, ಫರಸಿ ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಮತ್ತು ಬೇಸಿಗೆಯಲ್ಲಿ ಸೊರಗಿಹೋಗುವ ಕಾಗಿಣಾ ಹಾಗೂ ಮುಲ್ಲಾಮಾರಿ ನದಿಗಳು. ವಾಡಿಯಲ್ಲಿ ಪಾಳಿಯ ಕೆಲಸ ಮುಗಿಸಿ ಮನೆಗೆ ಬಂದ ಗೃಹಸ್ಥನೊಬ್ಬನು ಪಡಸಾಲೆಯ ಫರಸಿಯ ಮೇಲೆ ಕುಳಿತು ಹಡಗಿನ ಹಲಗೆಗಳನ್ನು ಉಜ್ಜುತ್ತಿದ್ದಾನೆಂದು ಕಲ್ಪಿಸಿಕೊಂಡರೆ, ನೆರೆಯವನು ಬಾಗಿಲಲ್ಲಿ ನಿಂತು, ‘ಕಡಲೇ ಇಲ್ಲದ ಊರಾಗ ಇದೇನ್ರಿ ಹಡಗು?’ ಎಂದು ನಗುವುದು ಸಹಜವಾಗಿಯೇ ಇದೆ. ಆದರೆ ಅವರಿಬ್ಬರ ಕಾಲಕೆಳಗಿನ ಆ ಸುಣ್ಣಕಲ್ಲು, ಭೂವಿಜ್ಞಾನಿಗಳು ಹೇಳುವಂತೆ, ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲೊಂದರ ತಳದಲ್ಲಿ ಪದರಪದರವಾಗಿ ಕೂಡಿಬಂದುದು. ಕಣ್ಣೆದುರಿಗಿಲ್ಲದ್ದೆಲ್ಲವೂ ಅಸಂಬದ್ಧವೆಂದು ನಿರ್ಣಯಿಸುವುದಕ್ಕೆ ಈ ನೆಲ ತಕ್ಕ ಸ್ಥಳವಲ್ಲ.

ಆತನು ಕಟ್ಟುತ್ತಿರುವುದು ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯೆಂದು ಇಟ್ಟುಕೊಳ್ಳೋಣ. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವವಾಗಿದ್ದ ಕಾಲದಲ್ಲಿ, ಮುಂಬಯಿಯ ಹಡಗುಕಟ್ಟೆಯಲ್ಲಿ, ವಾಡಿಯಾ ಮನೆತನದವರ ಕೈಯಿಂದ ನಮ್ಮ ನಾಡಿನ ತೇಗದಲ್ಲಿ ರೂಪುಗೊಂಡು 1817ರಲ್ಲಿ ನೀರಿಗಿಳಿದ ಈ ಹಡಗು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಎಂಬಲ್ಲಿ ಇಂದಿಗೂ ತೇಲುತ್ತಿದೆ. ಅದರ ತೋಪುಗಳ ಅಟ್ಟದ ಉದ್ದ ಸುಮಾರು 150 ಅಡಿ. ಎಂಟು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಇಳಿಸಿದರೆ ಅದು ಹತ್ತೊಂಬತ್ತು ಅಂಗುಲದೊಳಗೆ ಅಡಗುತ್ತದೆ. ಮೊದಲು ಬೆನ್ನೆಲುಬಿನಂತಹ ಅಡಿಮರವನ್ನು ನಿಲ್ಲಿಸಬೇಕು. ಅದಕ್ಕೆ ಪಕ್ಕೆಲುಬುಗಳನ್ನು ಒಂದೊಂದಾಗಿ ಕೂಡಿಸಬೇಕು. ಹೊದಿಕೆಯ ತೆಳುಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಮೂತಿಯ ಕಡೆಗೆ ಕಿರಿದಾಗುವಂತೆ ಹೆರೆದು, ಎಡಕ್ಕೊಂದು ಬಲಕ್ಕೊಂದು ಸರದಿಯಂತೆ ಅಂಟಿಸಬೇಕು. ಒಂದೇ ಪಕ್ಕಕ್ಕೆ ಹಲವನ್ನು ಅಂಟಿಸಿದರೆ ಒಡಲು ಆ ಕಡೆಗೆ ಸೊಟ್ಟಗಾಗುತ್ತದೆ. ಕೂವೆಮರಗಳನ್ನು ಎತ್ತಿ ಹುರಿದಾರದಿಂದ ಬಿಗಿಯುವ ಹೊತ್ತಿಗೆ ಹಲವು ಋತುಗಳು ಉರುಳಿರುತ್ತವೆ.

ಇಷ್ಟು ನಿಷ್ಠೆಯಿಂದ ದುಡಿದ ಮೇಲೂ ಈ ಹಡಗು ಆ ಹಡಗಿನಂತೆ ಆಗುವುದಿಲ್ಲ; ಹಾಗೆ ಆಗದಿರುವುದಕ್ಕೆ ಕಾರಣವು ಆತನ ಕೈಯ ಕೊರತೆಯಲ್ಲ, ಗಣಿತ. ಉದ್ದವನ್ನು ನೂರರಲ್ಲಿ ಒಂದಂಶಕ್ಕೆ ಇಳಿಸಿದಾಗ ಹಾಯಿಯ ವಿಸ್ತಾರವು ಹತ್ತುಸಾವಿರದಲ್ಲಿ ಒಂದಂಶಕ್ಕೂ, ಒಡಲಿನ ಗಾತ್ರವು ಹತ್ತು ಲಕ್ಷದಲ್ಲಿ ಒಂದಂಶಕ್ಕೂ ಇಳಿಯುತ್ತವೆ. ಗಾಳಿಯೂ ನೀರೂ ಮಾತ್ರ ಕಿರಿದಾಗದೆ ಇದ್ದಂತೆಯೇ ಇರುತ್ತವೆ. ಇಂಗ್ಲೆಂಡಿನ ಟಾರ್ಕಿಯಲ್ಲಿ 1872ರ ವೇಳೆಗೆ ಉದ್ದನೆಯ ನೀರಿನ ತೊಟ್ಟಿಯೊಂದನ್ನು ನಿರ್ಮಿಸಿ ಪುಟ್ಟ ಹಡಗುಗಳನ್ನು ಎಳೆಸಿ ಪರೀಕ್ಷಿಸಿದ ವಿಲಿಯಂ ಫ್ರೂಡನು, ನೂರನೆಯ ಒಂದಂಶದ ಪ್ರತಿಕೃತಿಯನ್ನು ಮೂಲದ ಹತ್ತನೆಯ ಒಂದಂಶದ ವೇಗದಲ್ಲಿ ಎಳೆದಾಗಲೇ ಅದು ಎಬ್ಬಿಸುವ ಅಲೆಗಳು ಮೂಲದ ಅಲೆಗಳನ್ನು ಹೋಲುತ್ತವೆಂದು ತೋರಿಸಿದನು. ಅಂದರೆ ಒಂದು ಗುಣದಲ್ಲಿ ಹೋಲಿಕೆಯನ್ನು ಸಾಧಿಸಬೇಕಾದರೆ ಇನ್ನೊಂದರಲ್ಲಿ ಅದನ್ನು ಬಿಟ್ಟುಕೊಡಬೇಕು. ಎಲ್ಲ ಗುಣಗಳಲ್ಲಿಯೂ ಮೂಲವನ್ನು ಹೋಲುವ ಪ್ರತಿಕೃತಿಯೊಂದು ಇದ್ದರೆ ಅದು ಪ್ರತಿಕೃತಿಯಾಗಿ ಉಳಿಯದೆ ಮತ್ತೊಂದು ಹಡಗೇ ಆಗಿಬಿಡುತ್ತದೆ. ಸಾದೃಶ್ಯವು ನಿಲ್ಲುವುದು ಭೇದದ ಮೇಲೆ. ಭೇದವನ್ನು ತೆಗೆದರೆ ಸಾದೃಶ್ಯವೂ ಇಲ್ಲ.

ಈ ಮಾತನ್ನು ಆಡಲು ಸೇಡಂ ತಾಲ್ಲೂಕಿಗಿಂತ ಯೋಗ್ಯವಾದ ಸ್ಥಳವಿಲ್ಲ. ಒಂದು ಕಾಲಕ್ಕೆ ಮಾನ್ಯಖೇಟವೆನಿಸಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, ಕಾಗಿಣೆಯ ದಡದಲ್ಲಿ, ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರದೆಂದು ಭಕ್ತರು ಆರಾಧಿಸುವ ವೃಂದಾವನವಿದೆ. ಹದಿನಾಲ್ಕನೆಯ ಶತಮಾನದ ಈ ಯತಿಗಳು ಮಧ್ವಾಚಾರ್ಯರ ಅನುವ್ಯಾಖ್ಯಾನಕ್ಕೆ ‘ನ್ಯಾಯಸುಧಾ’ ಎಂಬ ಟೀಕೆಯನ್ನು ಬರೆದು ದ್ವೈತಮತದ ತರ್ಕವನ್ನು ಸುಭದ್ರಗೊಳಿಸಿದರು. ಆ ಮತದ ಆರಾಧ್ಯಮೂರ್ತಿಯೂ ಹಡಗಿನಲ್ಲಿಯೇ ಬಂದುದೆಂಬುದು ಸಂಪ್ರದಾಯ: ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ನೌಕೆಯನ್ನು ಮಧ್ವರು ತಮ್ಮ ವಸ್ತ್ರವನ್ನು ಬೀಸಿ ದಡಕ್ಕೆ ತಂದರೆಂದೂ, ನಾವಿಕನು ಕೃತಜ್ಞತೆಯಿಂದ ಒಪ್ಪಿಸಿದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣನ ವಿಗ್ರಹವು ದೊರೆಯಿತೆಂದೂ ಹೇಳುತ್ತಾರೆ.

ಜೀವನು ಪರಮಾತ್ಮನ ಪ್ರತಿಬಿಂಬನೆಂದು ಅದ್ವೈತಿಗಳಲ್ಲಿ ಒಂದು ಪಂಥದವರೂ ಹೇಳುತ್ತಾರೆ, ಮಾಧ್ವರೂ ಹೇಳುತ್ತಾರೆ. ಆದರೆ ಇಬ್ಬರ ತಾತ್ಪರ್ಯವೂ ಒಂದೇ ಅಲ್ಲ. ಕನ್ನಡಿಯೆಂಬ ಉಪಾಧಿಯನ್ನು ಸರಿಸಿದರೆ ಉಳಿಯುವುದು ಮುಖವೊಂದೇ. ಆದುದರಿಂದ ಪ್ರತಿಬಿಂಬಕ್ಕೆ ಬಿಂಬಕ್ಕಿಂತ ಬೇರೆಯಾದ ಸತ್ತೆಯಿಲ್ಲ ಎಂಬುದು ಅದ್ವೈತಿಗಳ ನಿಲುವು. ಇದನ್ನು ಲಘುವಾಗಿ ತಳ್ಳಿಹಾಕಲಾಗದು. ಕನ್ನಡಿಯ ವಿಷಯದಲ್ಲಿ ಅದು ಅನುಭವಕ್ಕೆ ಹೊಂದುತ್ತದೆ. ಆದರೆ ಪ್ರತಿಬಿಂಬವೆಲ್ಲವೂ ಉಪಾಧಿಯನ್ನು ಅವಲಂಬಿಸಬೇಕಾಗಿಲ್ಲ, ಸೂರ್ಯನಿಗೆ ಕಾಮನಬಿಲ್ಲು ಹೇಗೋ ಹಾಗೆ ಜೀವನು ಈಶ್ವರನಿಗೆ ನಿರುಪಾಧಿಕ ಪ್ರತಿಬಿಂಬನು ಎಂಬುದು ಮಧ್ವರ ಪಕ್ಷ. ಅವರ ದೃಷ್ಟಿಯಲ್ಲಿ ಪ್ರತಿಬಿಂಬತ್ವಕ್ಕೆ ಬೇಕಾದುದು ಎರಡೇ ಲಕ್ಷಣ: ಬಿಂಬಕ್ಕೆ ಅಧೀನವಾಗಿರುವುದು, ಬಿಂಬವನ್ನು ಹೋಲುವುದು. ಸುಳ್ಳಾಗಿರಬೇಕೆಂಬುದು ಆ ಲಕ್ಷಣಗಳಲ್ಲಿ ಸೇರಿಲ್ಲ. ವಾಡಿಯ ಪಡಸಾಲೆಯಲ್ಲಿರುವ ಹಡಗು ಮುಂಬಯಿಯ ಹಡಗಿಗೆ ಅಧೀನ, ಏಕೆಂದರೆ ಅದರ ಪ್ರತಿಯೊಂದು ರೇಖೆಯೂ ಅಲ್ಲಿಂದ ಬಂದುದು. ಅದಕ್ಕೆ ಸದೃಶವೂ ಹೌದು. ಆದರೂ ಅದು ಮುಟ್ಟಿದರೆ ತಾಗುವ, ತೂಗಿದರೆ ತೂಕ ತೋರುವ ದಿಟವಾದ ವಸ್ತುವೇ.

ಆದರೆ ದೃಷ್ಟಾಂತವೂ ಒಂದು ಪ್ರತಿಕೃತಿಯೇ ಆದುದರಿಂದ ಅದೂ ಎಲ್ಲೋ ಒಂದೆಡೆ ಮೂಲದಿಂದ ಬೇರ್ಪಡಲೇಬೇಕು. ಇಂಗ್ಲೆಂಡಿನ ನೌಕಾಮಂಡಲಿಗಾಗಿ ಹದಿನೇಳನೆಯ ಶತಮಾನದಿಂದ ಮಾಡಿಸಿದ, ಪಕ್ಕೆಲುಬುಗಳು ಕಾಣುವಂತೆ ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಬಿಟ್ಟ ಮಾದರಿಗಳು ಹಲವು ಇಂದಿಗೂ ಉಳಿದಿವೆ; ಆ ಕಾಲದ ಹಡಗುಗಳು ಅಳಿದುಹೋಗಿವೆ. ಬಿಂಬವು ಹೋದ ಮೇಲೂ ಪ್ರತಿಬಿಂಬವು ಉಳಿಯುವುದಾದರೆ ಅದನ್ನು ಅಧೀನವೆಂದು ಕರೆಯುವುದು ಹೇಗೆ? ಇಲ್ಲಿಯ ಅಧೀನತೆ ರೂಪಕ್ಕೆ ಮಾತ್ರ ಸಂಬಂಧಿಸಿದ್ದು, ಇರವಿಗೆ ಸಂಬಂಧಿಸಿದ್ದಲ್ಲ. ಜೀವನಾದರೋ ತನ್ನ ಸತ್ತೆ, ತನ್ನ ಅರಿವು, ತನ್ನ ಪ್ರವೃತ್ತಿ ಈ ಮೂರಕ್ಕೂ ಕ್ಷಣಕ್ಷಣವೂ ಈಶ್ವರನನ್ನೇ ಆಶ್ರಯಿಸಿರುವನೆಂಬುದು ದ್ವೈತಸಿದ್ಧಾಂತ. ಆ ಪೂರ್ಣವಾದ ಪಾರತಂತ್ರ್ಯಕ್ಕೆ ಮರದ ಹಡಗು ಸಾಕ್ಷಿಯಾಗಲಾರದು.

ಅದು ಸಾಕ್ಷಿಯಾಗುವುದು ಬೇರೊಂದು ವಿಚಾರಕ್ಕೆ. ಎಲ್ಲವನ್ನೂ ಪಡೆದವನಾದ ಪರಮಾತ್ಮನು ಜಗತ್ತನ್ನು ಏಕೆ ಸೃಷ್ಟಿಸಬೇಕು ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಲೀಲೆಯೆಂಬ ಉತ್ತರವನ್ನು ಕೊಡುತ್ತದೆ. ಶಂಕರರು ಅಲ್ಲಿ ಯಾವ ಕೊರತೆಯೂ ಇಲ್ಲದ ಅರಸನ ವಿಹಾರವನ್ನೂ, ತಾನಾಗಿ ನಡೆಯುವ ಉಸಿರಾಟವನ್ನೂ ನಿದರ್ಶನವಾಗಿ ಹೇಳಿದರೆ, ಮಧ್ವರು ಸುಖವು ಉಕ್ಕಿದ ಮತ್ತನ ನರ್ತನವನ್ನು ಹೇಳುತ್ತಾರೆ. ಸಂಬಳಕ್ಕಾಗಿ ಹಗಲೆಲ್ಲ ದುಡಿದವನು, ಯಾರೂ ಬೇಡದ, ಮಾರಾಟಕ್ಕಲ್ಲದ ಹಡಗಿಗಾಗಿ ಇರುಳಿನಲ್ಲಿ ಮತ್ತೆ ದುಡಿಯುವುದನ್ನು ಪ್ರಯೋಜನದ ಲೆಕ್ಕದಿಂದ ವಿವರಿಸಲಾಗುವುದಿಲ್ಲ. ಆತನು ಮರವನ್ನು ಸೃಷ್ಟಿಸಿದವನಲ್ಲ. ಇದ್ದ ಮರಕ್ಕೆ ರೂಪ ಕೊಟ್ಟವನು. ಈಶ್ವರನು ಜಗತ್ತಿಗೆ ನಿಮಿತ್ತಕಾರಣನೇ ಹೊರತು ಉಪಾದಾನಕಾರಣನಲ್ಲ, ಅನಾದಿಯಾದ ಪ್ರಕೃತಿಯಿಂದಲೇ ಅದನ್ನು ರೂಪಿಸುತ್ತಾನೆ ಎಂಬ ಮಾಧ್ವರ ನಿರ್ಣಯಕ್ಕೂ ಈ ಹವ್ಯಾಸವು ಅಲ್ಪಮಟ್ಟಿಗೆ ಹೊಂದುತ್ತದೆ.

ಶರಣರ ನೆನಪು ಜೀವಂತವಾಗಿರುವ ಈ ಸೀಮೆಯಲ್ಲಿ, ‘ಇದು ಎಂಥ ಕಾಯಕ? ಇದರಿಂದ ಯಾರಿಗೆ ದಾಸೋಹ?’ ಎಂದು ಕೇಳುವವರೂ ಇದ್ದಾರು. ಇದು ಕಾಯಕವಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕವಾದ ಉತ್ತರ. ಕಾಯಕವು ಮುಗಿದ ಮೇಲಿನ ವಿರಾಮಕ್ಕೆ ಕಾಯಕದ ಪವಿತ್ರತೆಯನ್ನು ಆರೋಪಿಸುವುದು ಎರಡಕ್ಕೂ ಅನ್ಯಾಯ. ಮನೆಯವರ ಪಾಲಿನ ಹೊತ್ತನ್ನೂ ಹಣವನ್ನೂ ನುಂಗುವ ಹವ್ಯಾಸವನ್ನು ಲೀಲೆಯೆಂದು ಕರೆದು ಪಾರಾಗುವಂತೆಯೂ ಇಲ್ಲ; ಲೀಲೆ ಎನ್ನಿಸಿಕೊಳ್ಳುವುದು ಉಕ್ಕಿ ಹರಿದುದು, ಕದ್ದು ತಂದುದಲ್ಲ.

ಡೆನ್ಮಾರ್ಕಿನ ಇಗರ್ಜಿಗಳಲ್ಲಿ ಮಾಡಿನಿಂದ ಪುಟ್ಟ ಹಡಗುಗಳನ್ನು ತೂಗುಹಾಕುವ ರೂಢಿಯಿದೆ. ಅವುಗಳಲ್ಲಿ ಕಡಲಿನ ಅಪಾಯದಿಂದ ಉಳಿದು ಬಂದವರ ಹರಕೆಗಳೂ ಇವೆ. ಅಲ್ಲಿ ಪ್ರಾರ್ಥಿಸುವವರಾರೂ ಆ ಹಡಗನ್ನೇರಿ ದಾಟಬಹುದೆಂದು ಭಾವಿಸುವುದಿಲ್ಲ. ಹಾಗೆಂದು ಅದನ್ನು ಸುಳ್ಳೆಂದು ಇಳಿಸುವುದೂ ಇಲ್ಲ. ಪ್ರತೀಕವನ್ನೇ ಬ್ರಹ್ಮವೆಂದು ತಿಳಿಯಬಾರದು, ಪ್ರತಿಮೆಯಲ್ಲಿ ಹರಿಯನ್ನು ಉಪಾಸಿಸಬೇಕಲ್ಲದೆ ಪ್ರತಿಮೆಯೇ ಹರಿಯೆಂದು ಭ್ರಮಿಸಬಾರದು ಎಂಬ ಮಾಧ್ವರ ಎಚ್ಚರಿಕೆಯ ಸಾರವೂ ಇದೇ. ಮಿಥ್ಯೆಯು ಹೋಲಿಕೆಯಲ್ಲಿಲ್ಲ, ಹೋಲಿಕೆಯನ್ನು ಅಭೇದವೆಂದು ಎಣಿಸುವ ನಮ್ಮ ಎಣಿಕೆಯಲ್ಲಿದೆ. ಹಡಗನ್ನು ಕಟ್ಟುವವನು ಈ ಭೇದವನ್ನು ಗ್ರಂಥದಿಂದಲ್ಲ, ಪ್ರತಿಯೊಂದು ಹಲಗೆಯ ಅಳತೆಯಲ್ಲಿಯೂ ಕಲಿಯುತ್ತಾನೆ. ಮೂಲಕ್ಕೆ ಹತ್ತಿರವಾದಷ್ಟೂ ಅದರಿಂದ ತನ್ನ ಕೃತಿ ಎಷ್ಟು ದೂರವೆಂಬುದು ಆತನಿಗೆ ಸ್ಪಷ್ಟವಾಗುತ್ತದೆ. ಇಷ್ಟು ಕಲಿತವನು ತಾನೂ ಯಾವುದೋ ಒಂದರ ಪ್ರತಿಬಿಂಬವಾಗಿರಬಹುದೆಂಬ ಮಾತನ್ನು ಕೇಳಿದಾಗ, ಅದನ್ನು ಅವಮಾನವೆಂದೂ ಭಾವಿಸನು, ಅದರಿಂದ ಬೀಗಲೂ ಬೀಗನು.